ಸ್ನೋದಿಂದ ಗ್ಲೋವರೆಗೆ: ಬಣ್ಣದ ವ್ಯಾಪಾರಕ್ಕೆ ನೂರು ವರ್ಷ

ಪೇಪರಿನಲ್ಲಿ ಬರುವ ‘ಕಾಣೆಯಾಗಿದ್ದಾರೆ’ ಪ್ರಕಟಣೆಯನ್ನು ನೀವೂ ಓದಿರುತ್ತೀರಿ. ಎತ್ತರ 5.2 ಅಡಿ, ದುಂಡು ಮುಖ, ಸಾಧಾರಣ ಮೈಕಟ್ಟು, ಎಣ್ಣೆಗೆಂಪು ಮೈಬಣ್ಣ, ಕನ್ನಡ ಮತ್ತು ತೆಲುಗು ಮಾತನಾಡುತ್ತಾರೆ. ಈ ನಾಲ್ಕು ಸಾಲಿನಲ್ಲಿ ಬಣ್ಣಕ್ಕೊಂದು ಜಾಗ ಇದ್ದೇ ಇರುತ್ತದೆ. ಗೋಧಿ ಬಣ್ಣ, ಎಣ್ಣೆಗೆಂಪು, ಸಾದಗಪ್ಪು, ಕಪ್ಪು. ಅಲ್ಲಿ ಅದು ಬರೀ ಗುರುತು. ಮೂಗಿನ ಮೇಲಿನ ಮಚ್ಚೆ ಇದ್ದ ಹಾಗೆ.

ಅದೇ ಮಾತುಗಳು ಮದುವೆ ಬ್ರೋಕರ್ ಬಾಯಿಗೆ ಬಂದರೆ ಬೇರೆಯೇ ಆಗುತ್ತವೆ. ‘ಎಣ್ಣೆಗೆಂಪು’ ಎಂದು ಅವರು ಎಳೆದು ಹೇಳಿದರೆ, ಹುಡುಗಿ ಕಪ್ಪು ಎಂದು ಕೇಳುವವರಿಗೆ ಗೊತ್ತಾಗುತ್ತದೆ. ಮನೆಯವರು ಸಮಾಧಾನಕ್ಕೆ ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಎನ್ನುತ್ತಾರೆ. ಆ ‘ರೂ’ ನೋಡಿ. ಒಂದೇ ಅಕ್ಷರ. ‘ಬೆಳ್ಳಗಿದ್ದರೂ ಲಕ್ಷಣವಾಗಿದ್ದಾಳೆ’ ಎಂದು ಯಾರಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಈ ‘ರೂ’ ಕ್ರೀಮ್ ಕಂಪನಿಗಳಿಗಿಂತ ಹಳೆಯದು. ಆದರೆ ಕಂಪನಿಗಳು ಬಂದ ಮೇಲೆ ಒಂದು ವಿಷಯ ಬದಲಾಯಿತು. ಮೊದಲು ಕಪ್ಪು ಬಣ್ಣ ಹಣೆಬರಹವಾಗಿತ್ತು. ಆಮೇಲೆ ಅದು ಹುಡುಗಿಯದೇ ತಪ್ಪಾಯಿತು. ಅಂಗಡಿಯಲ್ಲಿ ಟ್ಯೂಬ್ ಸಿಗುತ್ತದೆ, ಹಚ್ಚಿಕೊಳ್ಳೋಕೆ ಏನು ಕಷ್ಟ?

ಹಿಂದೆ ಹೀಗಿರಲಿಲ್ಲ, ಬ್ರಿಟಿಷರು ಬಂದು ಕೆಡಿಸಿದರು ಎನ್ನುವವರಿದ್ದಾರೆ. ಅವರ ಬಳಿ ಒಳ್ಳೊಳ್ಳೆ ಉದಾಹರಣೆಗಳೂ ಇವೆ. ದ್ರೌಪದಿಯ ಇನ್ನೊಂದು ಹೆಸರೇ ಕೃಷ್ಣೆ, ಅಂದರೆ ಕಪ್ಪು ಬಣ್ಣದವಳು. ಮಹಾಭಾರತ ಹೇಳಿದ ವ್ಯಾಸರೂ ಕೃಷ್ಣ ದ್ವೈಪಾಯನರೇ. ಉಡುಪಿ ಕೃಷ್ಣನ ವಿಗ್ರಹ ಕಪ್ಪು. ನಮ್ಮ ಎಷ್ಟೋ ಊರುಗಳ ದೇವತೆ ಕರಿಯಮ್ಮ. ಎಲ್ಲ ನಿಜ. ಆದರೆ ಕಪ್ಪು ದೇವರಿಗೆ ಕೈಮುಗಿದು ಬಂದವರೇ ಕಪ್ಪು ಸೊಸೆ ಬೇಡ ಎನ್ನುವುದೂ ನಿಜ. ಬಿಸಿಲಲ್ಲಿ ದುಡಿಯುವವರ ಮೈ ಕಪ್ಪಾಗುತ್ತದೆ, ನೆರಳಲ್ಲಿ ಕೂತವರದು ಆಗುವುದಿಲ್ಲ. ಯಾರು ಬಿಸಿಲಲ್ಲಿರಬೇಕು ಎಂಬುದನ್ನು ನಮ್ಮಲ್ಲಿ ಜಾತಿ ತೀರ್ಮಾನಿಸಿತ್ತು. ಜಾತಿಗೂ ಬಣ್ಣಕ್ಕೂ ಗಂಟು ಹಾಕಿದ ಗಾದೆಗಳು ಕನ್ನಡದಲ್ಲೂ ಇವೆ. ಇಲ್ಲಿ ಬರೆಯಲು ಕೈ ಬರುವುದಿಲ್ಲ. ಬ್ರಿಟಿಷರು ಮಾಡಿದ್ದು, ಮೊದಲೇ ಇದ್ದ ಬೆಂಕಿಗೆ ತುಪ್ಪ ಸುರಿದದ್ದು. ಆಳುವವರೇ ಬೆಳ್ಳಗಿದ್ದರು, ಅಷ್ಟೆ.

ವ್ಯಾಪಾರದ ಕಥೆ ಶುರುವಾಗುವುದು ಮುಂಬೈಯಿಂದ. ಇ.ಎಸ್. ಪಾಟನ್‌ವಾಲಾ ಎಂಬ ವ್ಯಾಪಾರಿ 1919ರಲ್ಲಿ ‘ಅಫ್ಘಾನ್ ಸ್ನೋ’ ಎಂಬ ಕ್ರೀಮ್ ತಂದರು. ಹಿಮದ ಹಾಗೆ ಬೆಳ್ಳಗೆ, ಮುಖಕ್ಕೆ ಸವರಿದರೆ ಇಂಗಿ ಮಾಯ. ಈಗಿನ ಹುಡುಗರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ನಮ್ಮ ಅಜ್ಜಿಯರ ಬಾಯಲ್ಲಿ ಯಾವ ಕಂಪನಿಯ ಕ್ರೀಮ್ ಆದರೂ ‘ಸ್ನೋ’ನೇ. ‘ಸ್ನೋ, ಪೌಡರ್ ಹಾಕ್ಕೊಂಡು ಹೊರಟ್ಲು’ ಎನ್ನುವಾಗ ಆ ದನಿಯಲ್ಲಿ ಸ್ವಲ್ಪ ಆಕ್ಷೇಪಣೆ ಇರುತ್ತಿತ್ತು, ಸ್ವಲ್ಪ ಆಸೆಯೂ.

ದೊಡ್ಡ ತಿರುವು 1975. ಆ ವರ್ಷ ಹಿಂದೂಸ್ತಾನ್ ಲಿವರ್ ಕಂಪನಿ ‘ಫೇರ್ ಅಂಡ್ ಲವ್ಲಿ’ ತಂದಿತು. ಒಳಗಿದ್ದ ಮುಖ್ಯ ವಸ್ತು ನಯಾಸಿನಮೈಡ್. ಇದೇನು ಮಂತ್ರದ ಮದ್ದಲ್ಲ, ಬಿ3 ವಿಟಮಿನ್‌ನ ಒಂದು ರೂಪ. ನಮ್ಮೆಲ್ಲರ ಚರ್ಮದಲ್ಲೂ ಬಣ್ಣ ತಯಾರಿಸುವ ಜೀವಕೋಶಗಳು ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿರುತ್ತವೆ. ಅವು ಮೆಲನಿನ್ ಎಂಬ ಬಣ್ಣವನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಅಕ್ಕಪಕ್ಕದ ಕೋಶಗಳಿಗೆ ಸಾಗಿಸುತ್ತವೆ. ಪೊಟ್ಟಣ ಎಷ್ಟು ದೊಡ್ಡದು, ಹೇಗೆ ಹರಡಿಕೊಂಡಿದೆ ಎಂಬುದರ ಮೇಲೆ ನಾವು ಕಪ್ಪೋ ಬಿಳುಪೋ. ನಯಾಸಿನಮೈಡ್ ಈ ಸಾಗಾಟವನ್ನು ಸ್ವಲ್ಪ ನಿಧಾನ ಮಾಡುತ್ತದೆ. ಕಲೆ ಒಂದಿಷ್ಟು ತಿಳಿಯಾಗಬಹುದು. ಹುಟ್ಟು ಬಣ್ಣವನ್ನು ಅದು ಬದಲಾಯಿಸುವುದಿಲ್ಲ.

ಆದರೆ ಟ್ಯೂಬಿನ ಮೇಲೆ ಇದ್ದದ್ದು ಬೇರೆ ಕಥೆ. ಒಂದು ಮಸುಕಾದ ಮುಖ, ಪಕ್ಕದಲ್ಲಿ ಒಂದು ಹೊಳೆಯುವ ಮುಖ. ಜೊತೆಗೆ ನೀವು ಎಷ್ಟು ಬೆಳ್ಳಗಾದಿರಿ ಎಂದು ಹೋಲಿಸಿ ನೋಡಲು ಬಣ್ಣದ ಪಟ್ಟಿ, ಪೇಂಟ್ ಅಂಗಡಿಯಲ್ಲಿ ಗೋಡೆಗೆ ಆರಿಸುತ್ತೇವಲ್ಲ, ಹಾಗೆ. ಸ್ಯಾಶೆ ಬಂದ ಮೇಲಂತೂ ಹಳ್ಳಿಯ ಗೂಡಂಗಡಿಯಲ್ಲೂ ಅದು ಶಾಂಪೂ, ಗುಟ್ಕಾ ಜೊತೆ ಮಾಲೆಯ ಹಾಗೆ ನೇತಾಡಿತು. ನಮ್ಮ ಬೀದಿಯ ಅಂಗಡಿಯಲ್ಲಿ ಹೈಸ್ಕೂಲ್ ಹುಡುಗಿಯರು ಪೆನ್ ರೀಫಿಲ್ ಜೊತೆ ಒಂದು ಸ್ಯಾಶೆ ಕೀಳಿಸಿಕೊಳ್ಳುತ್ತಿದ್ದರು. ಮೂಲೆ ಕತ್ತರಿಸಿ, ಮಡಚಿ, ಬಟ್ಟೆ ಪಿನ್ ಹಾಕಿ ಒಂದು ವಾರ ಬಳಸುತ್ತಿದ್ದರು.

ಜಾಹೀರಾತುಗಳು ಮೊದಮೊದಲು ಮದುವೆಯ ಸುತ್ತ ಇದ್ದವು. ಹುಡುಗಿ ಕಾಲೇಜಿಗೆ, ಕೆಲಸಕ್ಕೆ ಹೊರಟಳು. ಜಾಹೀರಾತೂ ಅವಳ ಹಿಂದೆಯೇ ಹೊರಟಿತು. ಅದರಲ್ಲಿ ಒಂದು ಬಹಳ ಕುಖ್ಯಾತ. ಮನೆಯಲ್ಲಿ ಕಷ್ಟ. ಮಗನಿದ್ದಿದ್ದರೆ ಎಂದು ಅಪ್ಪ ಕೊರಗುತ್ತಾನೆ. ಮಗಳಿಗೆ ಅದು ಕೇಳಿಸುತ್ತದೆ. ಅವಳು ಕ್ರೀಮ್ ಹಚ್ಚುತ್ತಾಳೆ, ಬೆಳ್ಳಗಾಗುತ್ತಾಳೆ, ಗಗನಸಖಿಯಾಗಿ ಅಪ್ಪ ಅಮ್ಮನನ್ನು ದೊಡ್ಡ ಹೋಟೆಲಿಗೆ ಕರೆದೊಯ್ಯುತ್ತಾಳೆ. ಓದು, ಇಂಗ್ಲಿಷು, ಇಂಟರ್‌ವ್ಯೂ ಯಾವುದೂ ಲೆಕ್ಕಕ್ಕಿಲ್ಲ. ಒಂದು ನಿಮಿಷದೊಳಗೆ ಗಂಡುಮಗನ ಆಸೆ, ಬಡತನ, ಬಣ್ಣ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ್ದರು. ಬರೆದವನು ಜಾಣ, ಅದು ಬೇರೆ ಮಾತು.

ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಇದರ ವಿರುದ್ಧ ದೂರು ಕೊಟ್ಟು ಬೆನ್ನುಬಿಡದೆ ಓಡಾಡಿತು. 2003ರಲ್ಲಿ ಕೇಂದ್ರ ಸರ್ಕಾರ ಇಂಥ ಎರಡು ಜಾಹೀರಾತುಗಳ ಪ್ರಸಾರ ನಿಲ್ಲಿಸಿತು. ಕಂಪನಿ ಅದೇ ವರ್ಷ ಹೆಣ್ಣುಮಕ್ಕಳ ಓದಿಗೆ ನೆರವು ಕೊಡಲು ಅದೇ ಕ್ರೀಮಿನ ಹೆಸರಲ್ಲೇ ಒಂದು ಪ್ರತಿಷ್ಠಾನ ಮಾಡಿತು.

ಗಂಡಸರು ಬಚಾವಾಗಿದ್ದರು ಎಂದುಕೊಳ್ಳಬೇಡಿ. ಅಕ್ಕತಂಗಿಯರ ಟ್ಯೂಬಿನಿಂದ ಕದ್ದು ಹಚ್ಚಿಕೊಳ್ಳುವ ಹುಡುಗರು ಎಷ್ಟಿದ್ದಾರೆ ಎಂಬುದು ಕಂಪನಿಗಳಿಗೆ ಚೆನ್ನಾಗಿ ಗೊತ್ತಿತ್ತು. 2005ರಲ್ಲಿ ಇಮಾಮಿ ‘ಫೇರ್ ಅಂಡ್ ಹ್ಯಾಂಡ್ಸಮ್’ ತಂದಿತು. ಕದ್ದು ಹಚ್ಚಬೇಡ, ನಿನಗೇ ಬೇರೆ ಇದೆ ಎಂದು ಶಾರುಖ್ ಖಾನ್ ಬಂದು ಹೇಳಿದರು. 2013ರಲ್ಲಿ ದೆಹಲಿಯ ಒಬ್ಬರು 79 ರೂಪಾಯಿ ಕೊಟ್ಟು ಇದನ್ನು ಕೊಂಡು, ಹೇಳಿದ ಹಾಗೆ ಹಚ್ಚಿ, ಬೆಳ್ಳಗಾಗದೆ ಗ್ರಾಹಕರ ವೇದಿಕೆಗೆ ಹೋದರು. 2024ರ ಡಿಸೆಂಬರ್‌ನಲ್ಲಿ, ಅಂದರೆ 11 ವರ್ಷದ ಮೇಲೆ, ಕಂಪನಿ 14.5 ಲಕ್ಷ ರೂಪಾಯಿ ಕಟ್ಟಬೇಕೆಂದು ಆದೇಶ ಬಂತು. ಇಷ್ಟು ತಾಳ್ಮೆಯ ಗಿರಾಕಿ ಎಲ್ಲರಿಗೂ ಸಿಗುವುದಿಲ್ಲ ಬಿಡಿ.

ಇಲ್ಲಿಯವರೆಗಿನದು ದುಡ್ಡು ಮತ್ತು ಮನಸ್ಸು ಕಳೆದುಕೊಂಡ ಕಥೆ. ಮುಂದಿನದು ಮುಖ ಕಳೆದುಕೊಂಡದ್ದು. ಬರೀ ವಿಟಮಿನ್ನಿನಿಂದ ಬಣ್ಣ ಬದಲಾಗದಿದ್ದಾಗ ಜನ ಮೆಡಿಕಲ್ ಶಾಪಿಗೆ ಹೋದರು. ಅಲ್ಲಿ ಇಸುಬಿಗೆ ಕೊಡುವ ಸ್ಟೆರಾಯ್ಡ್ ಮುಲಾಮು ಚೀಟಿಯಿಲ್ಲದೆ ಸಿಗುತ್ತಿತ್ತು. ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಎಂಬ ಹೆಸರಿನವು. ಹಚ್ಚಿದರೆ ವಾರದಲ್ಲಿ ಮುಖ ಬಿಳುಪೇರುತ್ತದೆ, ಅದು ಸುಳ್ಳಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗುತ್ತದೆ, ಕೆನ್ನೆಯಲ್ಲಿ ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತವೆ, ಕೂದಲು ಬರುತ್ತದೆ. ನಿಲ್ಲಿಸಿದರೆ ಉರಿ. ಹಾಗಾಗಿ ನಿಲ್ಲಿಸಲೂ ಆಗದು.

ನನ್ನ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥಕ್ಕೆ ಎರಡು ತಿಂಗಳಿದ್ದಾಗ ಅಂಗಡಿಯವನೊಬ್ಬ ಇಂಥ ಟ್ಯೂಬ್ ಕೊಟ್ಟಿದ್ದ. ನಿಶ್ಚಿತಾರ್ಥದ ಫೋಟೋದಲ್ಲಿ ಅವಳು ಬೆಳ್ಳಗಿದ್ದಾಳೆ. ಮದುವೆಯ ಫೋಟೋದಲ್ಲಿ ಮುಖದ ತುಂಬ ದಪ್ಪ ಮೇಕಪ್ ಇದೆ. ಅದರ ಕೆಳಗೆ ಏನಿತ್ತು ಎಂದು ಆಲ್ಬಮ್ ನೋಡುವವರಿಗೆ ಗೊತ್ತಾಗುವುದಿಲ್ಲ. ಚರ್ಮದ ವೈದ್ಯರು ಬಹಳ ವರ್ಷ ಒತ್ತಾಯಿಸಿದ ಮೇಲೆ 2018ರಲ್ಲಿ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಟ್ಟಿಯೇನೋ ಇದೆ.

ಪಾದರಸದ್ದು ಇನ್ನೂ ಕೆಟ್ಟದ್ದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರಿಗೆ ಒಂದು ವಿಚಿತ್ರ ಕಂಡಿತು. ಮೈ ಊದಿಕೊಂಡು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಾ ಬಂದ ರೋಗಿಗಳಲ್ಲಿ ಹಲವರು ಹೇಳಹೆಸರಿಲ್ಲದ ಬಿಳುಪಿನ ಕ್ರೀಮ್ ಹಚ್ಚಿದವರು. ಆ ಕ್ರೀಮುಗಳಲ್ಲಿ ಪಾದರಸ ಮಿತಿಮೀರಿತ್ತು. ಚರ್ಮಕ್ಕೆ ಹಚ್ಚಿದ್ದು ಕಿಡ್ನಿಗೆ ಹೋಗಿತ್ತು.

ಕ್ರೀಮ್ ಹಚ್ಚಿಕೊಂಡು ಬಣ್ಣ ದಾಟಲಾಗದವರ ಪಾಡು ಬೇರೆ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿಯರಿದ್ದಾರೆ. ಆಫ್ರಿಕಾದಿಂದ ಬಂದವರ ಸಂತತಿ, ಇಲ್ಲಿಗೆ ಬಂದು ನೂರಾರು ವರ್ಷವಾಗಿದೆ. ಕನ್ನಡ, ಕೊಂಕಣಿ ಮಾತಾಡುತ್ತಾರೆ. ಆದರೂ ಬೆಂಗಳೂರಿನ ಬಸ್ಸಿನಲ್ಲಿ ಕೂತರೆ ‘ವಿಚ್ ಕಂಟ್ರಿ?’ ಎಂಬ ಪ್ರಶ್ನೆ ತಪ್ಪುವುದಿಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆ ಸಮುದಾಯದಿಂದ ಶಾಸನಸಭೆಗೆ ಬಂದ ಮೊದಲಿಗರು ಅವರು.

ವಿರೋಧವೂ ಬೆಳೆಯಿತು. ಚೆನ್ನೈಯಲ್ಲಿ 2009ರಲ್ಲಿ ‘ಡಾರ್ಕ್ ಈಸ್ ಬ್ಯೂಟಿಫುಲ್’ ಅಭಿಯಾನ ಶುರುವಾಯಿತು, 2013ರಲ್ಲಿ ನಟಿ ನಂದಿತಾ ದಾಸ್ ಅದರ ಮುಖವಾದ ಮೇಲೆ ಊರೆಲ್ಲ ಸುದ್ದಿಯಾಯಿತು. 2014ರಲ್ಲಿ ಜಾಹೀರಾತು ಉದ್ಯಮದ್ದೇ ಆದ ಮಂಡಳಿ, ಕಪ್ಪಗಿರುವವರನ್ನು ಕೆಲಸ ಸಿಗದವರು, ಗಂಡು ಸಿಗದವರು ಎಂದು ತೋರಿಸಬಾರದು ಎಂದಿತು. ತನ್ನ ಮಕ್ಕಳಿಗೆ ತಾನೇ ಬುದ್ಧಿ ಹೇಳಿದ ಹಾಗೆ. 2019ರಲ್ಲಿ ‘ಫೇರ್ ಅಂಡ್ ಲವ್ಲಿ’ ಟ್ಯೂಬಿನ ಮೇಲಿನ ಎರಡು ಮುಖ ಹೋದವು. 2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಸಾವಿನ ಬಳಿಕ ಕಪ್ಪು ಜನರ ಹೋರಾಟ ಎದ್ದಿತು. ಆಗ ಇಲ್ಲಿ ಹೆಸರಿನಿಂದ ‘ಫೇರ್’ ಕೂಡ ಹೋಯಿತು. ಜುಲೈಯಲ್ಲಿ ಅದು ‘ಗ್ಲೋ ಅಂಡ್ ಲವ್ಲಿ’ ಆಯಿತು. 45 ವರ್ಷ ನಮ್ಮ ಹೆಣ್ಣುಮಕ್ಕಳು ಹೇಳಿದ್ದು ಕೇಳಿಸಿರಲಿಲ್ಲ, ಅಮೆರಿಕದ ಕೂಗು ಒಂದೇ ತಿಂಗಳಲ್ಲಿ ಕೇಳಿಸಿತು. ಅದೇ ವರ್ಷದ ಜೂನ್‌ನಲ್ಲಿ ಶಾದಿ ಡಾಟ್ ಕಾಮ್ ಕೂಡ ಬಣ್ಣ ನೋಡಿ ಸೋಸುವ ಆಯ್ಕೆಯನ್ನು ತೆಗೆದುಹಾಕಿತು. ಫೋಟೋ ಇದೆಯಲ್ಲ, ಸೋಸುವ ಕೆಲಸಕ್ಕೆ ಅದೇ ಸಾಕು.

ಆದರೆ ಅಂಗಡಿಗೆ ಹೋಗುವ ಮೊದಲೇ ನಮ್ಮಲ್ಲಿ ಬಣ್ಣದ ಕೆಲಸ ಶುರುವಾಗಿರುತ್ತದೆ. ಬಸುರಿಗೆ ಹಾಲಿನಲ್ಲಿ ಕೇಸರಿ ಹಾಕಿ ಕೊಡುತ್ತೇವೆ, ಮಗು ಬೆಳ್ಳಗಾಗಲಿ ಎಂದು. ಇದರಿಂದ ಬಣ್ಣ ಬರುವುದಿಲ್ಲ, ಆದರೆ ತೊಂದರೆಯೂ ಇಲ್ಲ. ತೊಂದರೆ ಇರುವುದು ಕಬ್ಬಿಣದ ಮಾತ್ರೆಯಲ್ಲಿ. ಗರ್ಭಿಣಿಯರಿಗೆ ಸರ್ಕಾರ ದಿನಕ್ಕೊಂದರಂತೆ 180 ದಿನ ಕೆಂಪು ಮಾತ್ರೆ ಕೊಡುತ್ತದೆ. 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ 52.2% ಮಂದಿಗೆ ರಕ್ತಹೀನತೆ ಇತ್ತು. ಮಾತ್ರೆ ನುಂಗಿದರೆ ಮಲ ಕಪ್ಪಗಾಗುತ್ತದೆ. ಹಾಗಾದರೆ ಒಳಗಿರುವ ಕೂಸೂ ಕಪ್ಪಗಾಗುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಲೆಕ್ಕ ಹಾಕಿದ್ದಾರೆ.

ನಮ್ಮ ನೆಂಟರ ಮನೆಯಲ್ಲೂ ಹಾಗೇ ಆಯಿತು. ದುಡ್ಡು ಕೊಟ್ಟು ತಂದ ಕೇಸರಿ ದಿನಾ ರಾತ್ರಿ ಹಾಲಿಗೆ ಬೀಳುತ್ತಿತ್ತು. ಆಶಾ ಕಾರ್ಯಕರ್ತೆ ಪುಕ್ಕಟೆ ಕೊಟ್ಟ ಮಾತ್ರೆಗಳು ಅಡುಗೆಮನೆ ಮಾಡದಲ್ಲಿ ಹಳೇ ಬೋರ್ನ್‌ವಿಟಾ ಡಬ್ಬಿಯೊಳಗಿದ್ದವು. ಏಳನೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 8ಕ್ಕಿಂತ ಕೆಳಗೆ. ಡಾಕ್ಟರ್ ಬೈದರು, ಡ್ರಿಪ್ ಹಾಕಿದರು. ಆಶಾ ಅಕ್ಕ ಡಬ್ಬಿ ಹುಡುಕಿ ತೆಗೆದು, ದಿನಾ ಎದುರಿಗೇ ನಿಂತು ನುಂಗಿಸಿದರು. ಹೆರಿಗೆಯಾದ ದಿನ ಆಸ್ಪತ್ರೆಯಿಂದ ಅತ್ತೆಯ ಫೋನ್ ಬಂತು. ಹೆಣ್ಣು ಮಗು, ಎರಡೂಮುಕ್ಕಾಲು ಕೆಜಿ, ತಾಯಿ ಮಗು ಆರಾಮ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, ‘ಎಣ್ಣೆಗೆಂಪು’ ಎಂದರು.