ಹಣ ಕೇಳಿ ಬರೆದ ಕಾಗದಗಳನ್ನು ಓದುವುದು ಹೇಗೆ: ಕ್ಯಾಥೋಲಿಕ್ ಚರ್ಚ್ ಎಕ್ಸ್‌ಟೆನ್ಶನ್ ಸೊಸೈಟಿಯ ದಾಖಲೆಗಳ ಬಗ್ಗೆ ಅಧ್ಯಯನ ಟಿಪ್ಪಣಿ

ಆರ್ಕೈವ್ಸ್ (ಹಳೆಯ ದಾಖಲೆಗಳನ್ನು ಕಾಪಾಡುವ) ವಿಷಯ ಓದುತ್ತಿರುವವರಿಗೆ, ಚರಿತ್ರೆಯಲ್ಲಿ ಎಂ.ಎ. ಮಾಡುತ್ತಿರುವವರಿಗೆ ಅಭ್ಯಾಸಕ್ಕೆ ಒಂದು ಒಳ್ಳೆಯ ಸಂಗ್ರಹ ಬೇಕು ಅಂದರೆ ನಾನು ಇದನ್ನೇ ಹೇಳುತ್ತೇನೆ. ಬಡ ಊರುಗಳಲ್ಲಿ ಚರ್ಚ್ ಕಟ್ಟಲು ಹಣ ಕೊಡುವ ಅಮೆರಿಕದ ಕ್ಯಾಥೋಲಿಕ್ ಚರ್ಚ್ ಎಕ್ಸ್‌ಟೆನ್ಶನ್ ಸೊಸೈಟಿಯ ಹಳೆಯ ಕಾಗದಪತ್ರಗಳು ಷಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದ ಆರ್ಕೈವ್ಸ್‌ನಲ್ಲಿವೆ. ಮೇಲ್ನೋಟಕ್ಕೆ ಬೇಸರ ತರಿಸುವ ವಸ್ತು. ಬಿಷಪರ ಪತ್ರ, ಕಚೇರಿಯ ಉತ್ತರ, ರಸೀದಿ, ಫೋಟೋ, ಮತ್ತೆ ಪತ್ರ. ಆದರೆ ಒಂದು ಮಾತು ತಲೆಯಲ್ಲಿಟ್ಟುಕೊಂಡು ಓದಿದರೆ ಇಡೀ ಸಂಗ್ರಹ ಬೇರೆಯದೇ ಆಗಿ ಕಾಣುತ್ತದೆ: ಇಲ್ಲಿನ ಹೆಚ್ಚಿನ ಕಾಗದಗಳನ್ನು ಬರೆದದ್ದು ಹಣ ಕೇಳುವುದಕ್ಕೆ, ಇಲ್ಲವೇ ಕೊಟ್ಟ ಹಣಕ್ಕೆ ಲೆಕ್ಕ ಒಪ್ಪಿಸುವುದಕ್ಕೆ. ಚರಿತ್ರೆ ಉಳಿಸಬೇಕು ಅಂತ ಯಾರೂ ಕೂತು ಬರೆದದ್ದಲ್ಲ.

ಮೊದಲು ಹಿನ್ನೆಲೆ. ಸೊಸೈಟಿ ಶುರುವಾದದ್ದು 1905ರ ಅಕ್ಟೋಬರ್ 18ರಂದು, ಷಿಕಾಗೋದ ಆರ್ಚ್‌ಬಿಷಪ್ ಜೇಮ್ಸ್ ಕ್ವಿಗ್ಲಿ ಅವರ ಮನೆಯಲ್ಲಿ. ಶುರುಮಾಡಿದವರು ಫ್ರಾನ್ಸಿಸ್ ಕ್ಲೆಮೆಂಟ್ ಕೆಲ್ಲಿ ಎಂಬ ಪಾದ್ರಿ. ಹುಟ್ಟಿದ್ದು 1870ರಲ್ಲಿ, ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ. ಕೆಲಸ ಮಾಡುತ್ತಿದ್ದದ್ದು ಮಿಷಿಗನ್ ರಾಜ್ಯದ ಲಪೀರ್ ಎಂಬ ಸಣ್ಣ ಊರಲ್ಲಿ. ತನ್ನ ಚರ್ಚ್ ಕಟ್ಟುವ ಖರ್ಚಿಗೆಂದು ಊರೂರು ತಿರುಗಿ ಭಾಷಣ ಮಾಡುತ್ತಿದ್ದರು. ಆ ತಿರುಗಾಟದಲ್ಲೇ ಪಶ್ಚಿಮದ ಬಯಲುಸೀಮೆಯ ಬಡ ಚರ್ಚುಗಳು ಕಣ್ಣಿಗೆ ಬಿದ್ದವು. ಕಾನ್ಸಾಸ್‌ನಲ್ಲಿ ಒಬ್ಬ ಪಾದ್ರಿ ಹರಕು ಗುಡಿಸಲಲ್ಲಿ ಬದುಕುತ್ತಿದ್ದುದನ್ನು ನೋಡಿ, 1905ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಆ ಗುಡಿಸಲ ಕತೆಯೇ ಮುಂದೆ ಸೊಸೈಟಿಯ ಬಂಡವಾಳವಾಯಿತು.

ಇದು ಹೋಮ್ ಮಿಷನ್. ಅಂದರೆ ಹೊರದೇಶಕ್ಕೆ ಪಾದ್ರಿಗಳನ್ನು ಕಳಿಸುವ ಕೆಲಸವಲ್ಲ, ತಮ್ಮದೇ ದೇಶದಲ್ಲಿ ಕ್ಯಾಥೋಲಿಕರು ಕಡಿಮೆ ಇರುವ, ಹಣವಿಲ್ಲದ ಊರುಗಳಿಗೆ ನೆರವು ಕೊಡುವುದು. ನಮ್ಮಲ್ಲಿ ಮಿಷನ್ ದಾಖಲೆ ಅಂದರೆ ತಟ್ಟನೆ ನೆನಪಾಗುವುದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್. ಅಲ್ಲಿ ಪತ್ರ ಸಮುದ್ರ ದಾಟಿ ಹೋಗುತ್ತಿತ್ತು, ಓದುವವರಿಗೆ ಊರು ಗೊತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಕೇಳುವವರೂ ಕೊಡುವವರೂ ಒಂದೇ ದೇಶದವರು. ಆದರೂ ಷಿಕಾಗೋದ ದಾನಿಗೆ ಮೊಂಟಾನಾದ ಹಳ್ಳಿ ಯಾವುದೋ ಪರದೇಶವೇ. ಆ ದೂರವನ್ನು ತುಂಬಿಸುವುದೇ ಪತ್ರದ ಕೆಲಸ.

ಕೆಲ್ಲಿ ಅವರ ಯೋಚನೆ ಪೂರ್ತಿ ಹೊಸದೇನೂ ಆಗಿರಲಿಲ್ಲ. ಚರ್ಚ್ ಕಟ್ಟಲು ಹಣ ಕೊಡುವ ಮಂಡಳಿ ಮೆಥಡಿಸ್ಟರು ಎಂಬ ಪ್ರಾಟೆಸ್ಟೆಂಟ್ ಪಂಗಡದವರ ಬಳಿ ಆಗಲೇ ಇತ್ತು. ಅದಕ್ಕೂ ಹಿಂದೆ, 19ನೇ ಶತಮಾನದಲ್ಲಿ, ಅಮೆರಿಕದ ಕ್ಯಾಥೋಲಿಕ್ ಚರ್ಚುಗಳಿಗೆ ಯುರೋಪಿನಿಂದ ಹಣ ಬರುತ್ತಿತ್ತು. ಫ್ರಾನ್ಸಿನ ಲಿಯೋನ್‌ನಲ್ಲಿ 1822ರಲ್ಲಿ, ವಿಯೆನ್ನಾದಲ್ಲಿ 1829ರಲ್ಲಿ, ಮ್ಯೂನಿಕ್‌ನಲ್ಲಿ 1838ರಲ್ಲಿ ಹುಟ್ಟಿದ ಮೂರು ಸಂಘಗಳು ಇದರಲ್ಲಿ ಮುಖ್ಯ. ಹಾಗಾಗಿ 1905ಕ್ಕಿಂತ ಹಿಂದಿನ ಬಡ ಅಮೆರಿಕನ್ ಚರ್ಚಿನ ಕತೆ ಬೇಕಾದರೆ ಷಿಕಾಗೋದಲ್ಲಿ ಹುಡುಕಿ ಪ್ರಯೋಜನ ಕಡಿಮೆ.

ಇನ್ನೊಂದು ದಿನಾಂಕ ಬರೆದಿಟ್ಟುಕೊಳ್ಳಿ: 1908ರ ಜೂನ್ 29. ಅಂದು ಪೋಪ್ 10ನೇ ಪಿಯಸ್ ರೋಮಿನ ಆಡಳಿತವನ್ನು ತಿದ್ದಿದರು. ಅಲ್ಲಿಯವರೆಗೆ ಅಮೆರಿಕ ರೋಮಿನ ಲೆಕ್ಕದಲ್ಲಿ ಮಿಷನ್ ಪ್ರದೇಶವೇ ಆಗಿತ್ತು, ಪ್ರೊಪಗಾಂಡಾ ಫಿಡೆ ಎಂಬ ಇಲಾಖೆಯ ಕೆಳಗಿತ್ತು. ಅಂದಿನಿಂದ ಹೊರಬಂತು. ಮಂಗಳೂರಿನ ಧರ್ಮಪ್ರಾಂತ್ಯವೂ (ಧರ್ಮಪ್ರಾಂತ್ಯ ಅಂದರೆ ಒಬ್ಬ ಬಿಷಪ್ ಕೈಕೆಳಗಿನ ಪ್ರದೇಶ) ಇದೇ ಇಲಾಖೆಯ ಕೆಳಗಿತ್ತು. ಅಂದರೆ ಒಂದು ಕಾಲದಲ್ಲಿ ಷಿಕಾಗೋದ ಪತ್ರವೂ ಮಂಗಳೂರಿನ ಪತ್ರವೂ ರೋಮಿನಲ್ಲಿ ಒಂದೇ ಕಚೇರಿಯ ಬಾಗಿಲಿಗೆ ಹೋಗಿ ಬೀಳುತ್ತಿದ್ದವು. ಮೋಜಾಗಿದೆ, ಅಲ್ವಾ? ಅದೇ 1908ರ ನವೆಂಬರ್‌ನಲ್ಲಿ ಸೊಸೈಟಿ ಷಿಕಾಗೋದಲ್ಲಿ ದೊಡ್ಡ ಮಿಷನರಿ ಸಮ್ಮೇಳನ ನಡೆಸಿತು. ‘ಇನ್ನು ನಮ್ಮ ಬಡವರನ್ನು ನಾವೇ ನೋಡಿಕೊಳ್ಳಬೇಕು’ ಎಂಬ ಮಾತಿಗೆ ಆಗ ಬಲ ಬಂದದ್ದು ಯಾಕೆ ಅಂತ ಈ ಎರಡು ದಿನಾಂಕ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ.

ಧರ್ಮಪ್ರಾಂತ್ಯವೇ ಬೀಗದ ಕೈ

ಈಗ ಸಂಗ್ರಹದ ಒಳಗೆ. ಹೊಸಬರು ಹೋದ ಕೂಡಲೇ ಊರಿನ ಹೆಸರು ಹುಡುಕುತ್ತಾರೆ. ಸಿಗುವುದಿಲ್ಲ, ‘ಏನೂ ಇಲ್ಲ’ ಅಂತ ಎದ್ದು ಬರುತ್ತಾರೆ. ಇಲ್ಲಿ ಪತ್ರ ವ್ಯವಹಾರದ ಲೆಕ್ಕ ಇರುವುದು ಧರ್ಮಪ್ರಾಂತ್ಯದ ಮೇಲೆ. ಅದು ಆರ್ಕೈವ್ಸ್‌ನವರ ಹಟವಲ್ಲ. ಸೊಸೈಟಿ ಕೆಲಸ ಮಾಡುತ್ತಿದ್ದ ರೀತಿಯೇ ಅದು. ಊರಿನ ಪಾದ್ರಿ ಎಷ್ಟೇ ಕಷ್ಟದಲ್ಲಿರಲಿ, ಅವರ ಬಿಷಪ್ ಒಪ್ಪಿಗೆ ಕೊಡದೆ ಹಣ ಬರುತ್ತಿರಲಿಲ್ಲ. ಪತ್ರ ಬಿಷಪ್ ಮೂಲಕ ಬಂತು, ಆದ್ದರಿಂದ ಆ ಬಿಷಪರ ಧರ್ಮಪ್ರಾಂತ್ಯದ ಕಡತಕ್ಕೆ ಸೇರಿತು. ಕಚೇರಿ ಇಟ್ಟ ಈ ಕ್ರಮವನ್ನು ಕೆಡಿಸದೆ ಉಳಿಸಿಕೊಳ್ಳುವುದು ಆರ್ಕೈವ್ಸ್‌ನ ಮೊದಲ ಪಾಠ. ಯಾಕೆ ಅಂತ ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ: ಯಾವ ಬಿಷಪ್ ಎಷ್ಟು ಸಲ ಕೇಳಿದರು, ಯಾರು ಕೇಳಲೇ ಇಲ್ಲ ಎಂಬುದು ಈ ಕ್ರಮದಿಂದ ಮಾತ್ರ ತಿಳಿಯುತ್ತದೆ. ಊರಿನ ಅಕಾರಾದಿಗೆ ಜೋಡಿಸಿದ್ದರೆ ಅದು ಕಳೆದೇ ಹೋಗುತ್ತಿತ್ತು.

ಆದ್ದರಿಂದ ನಿಮ್ಮ ಊರು *ಆ ವರ್ಷದಲ್ಲಿ* ಯಾವ ಧರ್ಮಪ್ರಾಂತ್ಯದಲ್ಲಿತ್ತು ಎಂಬುದನ್ನು ಮೊದಲೇ ತಿಳಿದುಕೊಂಡು ಹೋಗಿ. ಗಡಿಯೂ ಹೆಸರೂ ಬದಲಾಗುತ್ತಲೇ ಇದ್ದವು. ದಕ್ಷಿಣ ಡಕೋಟಾದ ಲೆಡ್ ಧರ್ಮಪ್ರಾಂತ್ಯ 1902ರಲ್ಲಿ ಹುಟ್ಟಿತು, 1930ರಲ್ಲಿ ರ‍್ಯಾಪಿಡ್ ಸಿಟಿ ಆಯಿತು. ಟೆಕ್ಸಸ್‌ನ ಎಲ್ ಪಾಸೊ ಹುಟ್ಟಿದ್ದು 1914ರಲ್ಲಿ, ಅಮರಿಲ್ಲೊ 1926ರಲ್ಲಿ. ಅಮರಿಲ್ಲೊದ 1920ರ ಪತ್ರ ಕೇಳಿದರೆ ಎಲ್ಲಿಂದ ತಂದುಕೊಡುತ್ತಾರೆ?

ಒಂದು ಚಾಪೆಲ್, ನಾಲ್ಕು ಕಾಗದ

ಒಂದು ಚಾಪೆಲ್ (ಚಿಕ್ಕ ಚರ್ಚು) ಕಟ್ಟಿದ ಕತೆಯನ್ನು ಕಾಗದದ ದಾರಿಯಲ್ಲಿ ಹಿಂಬಾಲಿಸೋಣ. ಇದು ಯಾವುದೋ ಒಂದು ಊರಿನದಲ್ಲ, ಪದ್ಧತಿ ಹೀಗಿತ್ತು ಅಂತ.

ಮೊದಲನೆಯದು ಬೇಡಿಕೆ. ಇಷ್ಟು ಮನೆಗಳಿವೆ, ಬಲಿಪೂಜೆ (ಮಾಸ್) ಯಾರದೋ ಮನೆಯಲ್ಲೋ ಅಂಗಡಿಯ ಹಿಂದಿನ ಕೋಣೆಯಲ್ಲೋ ನಡೆಯುತ್ತಿದೆ, ಜಾಗ ಇದೆ, ಜನ ಇಷ್ಟು ಕೊಡುತ್ತಾರೆ, ಮಿಕ್ಕದ್ದು ನೀವು ಕೊಡಿ. ಎರಡನೆಯದು ಸೊಸೈಟಿಯ ಉತ್ತರ. ಬಂದ ಪತ್ರ ದಪ್ಪ ಕಾಗದದ ಮೇಲೆ ಲೆಟರ್‌ಹೆಡ್‌ನಲ್ಲಿರುತ್ತದೆ, ಹೋದ ಪತ್ರದ ನಕಲು ತೆಳ್ಳಗಿನ ಕಾಗದದ ಮೇಲೆ ಕಾರ್ಬನ್‌ನಲ್ಲಿ. ಸುಮ್ನೆ ಮುಟ್ಟಿದರೇ ಯಾರದು ಯಾವುದು ಅಂತ ಗೊತ್ತಾಗುತ್ತದೆ. ಮೂರನೆಯದು ದಾನಿಯ ಕಾಗದ. ಆರಂಭದ ವರ್ಷಗಳಲ್ಲಿ ಒಂದು ಚಾಪೆಲ್‌ಗೆ ಕೊಡುತ್ತಿದ್ದ ಸಾಮಾನ್ಯ ಮೊತ್ತ 500 ಡಾಲರ್. ಎಷ್ಟೋ ಸಲ ಅದು ತೀರಿಹೋದ ಅಪ್ಪ ಅಮ್ಮನ ನೆನಪಿಗೆ ಒಬ್ಬರೇ ಕೊಟ್ಟ ಹಣ. ಹಾಗೆ ಕೊಟ್ಟವರು ಚಾಪೆಲ್‌ಗೆ ಯಾವ ಸಂತರ ಹೆಸರಿಡಬೇಕು ಅಂತಲೂ ಹೇಳಬಹುದಿತ್ತು.

ಇಲ್ಲಿ ಸ್ವಲ್ಪ ನಿಲ್ಲಿ. ಚರ್ಚಿನ ಹೆಸರು ನೋಡಿ ಊರಿನ ಜನ ಯಾವ ಕಡೆಯಿಂದ ಬಂದವರು ಅಂತ ಊಹಿಸುವ ಚಾಳಿ ಸಂಶೋಧಕರಿಗೆ ಇದೆ. ಸಂತ ಪ್ಯಾಟ್ರಿಕ್ ಅಂದರೆ ಐರಿಷ್, ಸಂತ ಬೋನಿಫೇಸ್ ಅಂದರೆ ಜರ್ಮನ್. ಈ ಸೊಸೈಟಿ ಹಣ ಕೊಟ್ಟ ಚರ್ಚುಗಳಲ್ಲಿ ಆ ಲೆಕ್ಕ ನಂಬಬೇಡಿ. ನ್ಯೂ ಮೆಕ್ಸಿಕೋದ ಸ್ಪ್ಯಾನಿಷ್ ಮಾತಾಡುವ ಹಳ್ಳಿಯ ಚಾಪೆಲ್‌ಗೆ ಐರಿಷ್ ಸಂತರ ಹೆಸರಿದ್ದರೆ ಅದು ಹಳ್ಳಿಯವರ ಭಕ್ತಿ ಆಗಿರಬೇಕಿಲ್ಲ. ಪೂರ್ವದ ಯಾವುದೋ ನಗರದಲ್ಲಿ ಕೂತ ದಾನಿಯ ಅಪ್ಪನ ಹೆಸರಾಗಿರಬಹುದು. ಮೂರನೆಯ ಕಾಗದ ನೋಡದೆ ಒಂದು ಮಾತೂ ಬರೆಯಬಾರದು.

ನಾಲ್ಕನೆಯದು ಪತ್ರಿಕೆ. ‘ಎಕ್ಸ್‌ಟೆನ್ಶನ್’ ಎಂಬ ಸೊಸೈಟಿಯ ಪತ್ರಿಕೆ 1906ರಲ್ಲಿ ಶುರುವಾಯಿತು. ಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಮಾಸಿಕ. ಕತೆ, ಜಾಹೀರಾತು, ಜೊತೆಗೆ ಮಿಷನ್ ಸುದ್ದಿ. ಪಾದ್ರಿಯ ಪತ್ರದ ತುಣುಕು ಇಲ್ಲಿ ಅಚ್ಚಾಗುತ್ತಿತ್ತು, ಓದಿದವರು ಹಣ ಕಳಿಸುತ್ತಿದ್ದರು. ನನ್ನ ಪ್ರಕಾರ ಇಡೀ ಸಂಗ್ರಹದ ಅತಿ ಒಳ್ಳೆಯ ಅಭ್ಯಾಸ ಇದೇ: ಮೂಲ ಪತ್ರ ಒಂದು ಕಡೆ, ಅಚ್ಚಾದ ತುಣುಕು ಇನ್ನೊಂದು ಕಡೆ ಇಟ್ಟು ಸಾಲುಸಾಲಾಗಿ ಹೋಲಿಸುವುದು. ಏನು ಬಿಟ್ಟರು, ಏನು ಉಳಿಸಿಕೊಂಡರು? ಚಳಿ, ಹಿಮ, ಸೋರುವ ಮಾಡು ಇಂಥವು ಓದುಗರ ಮನಸ್ಸು ಕರಗಿಸುತ್ತವೆ, ಸಂಪಾದಕರಿಗೆ ಬೇಕಾದದ್ದು ಅವೇ. ಊರಿನ ಜಗಳ, ಹಳೆಯ ಸಾಲ, ಬಿಷಪ್ ಮೇಲಿನ ಗೊಣಗಾಟ ಓದಿ ಯಾರೂ ಹಣ ಕಳಿಸುವುದಿಲ್ಲ.

ಫೋಟೋಗಳೂ ಹಾಗೆಯೇ. ಮುಂದೆ ನೋಡಿದರೆ ಮರದ ಚಾಪೆಲ್, ಬಾಗಿಲಲ್ಲಿ ಸಾಲಾಗಿ ನಿಂತ ಜನ. ಅಷ್ಟಕ್ಕೇ ತೃಪ್ತಿಪಡಬೇಡಿ, ಹಿಂದೆ ತಿರುಗಿಸಿ. ಪತ್ರಿಕೆಗೆ ಬಳಸಿದ ಚಿತ್ರವಾದರೆ ಅಳತೆ, ಬಣ್ಣದ ಪೆನ್ಸಿಲಿನ ಗೆರೆ, ಶೀರ್ಷಿಕೆ, ಎಲ್ಲಿಯವರೆಗೆ ಕತ್ತರಿಸಬೇಕು ಎಂಬ ಗುರುತು ಇರುವ ಸಾಧ್ಯತೆ ಜಾಸ್ತಿ. ಕತ್ತರಿಸಿ ಬಿಟ್ಟ ಭಾಗದಲ್ಲಿ ಏನಿದೆ ಅಂತ ನೋಡಿ. ಡಿಜಿಟಲ್ ಪ್ರತಿ ಮಾತ್ರ ನೋಡುವವರು ಹಿಂಬದಿಯ ಸ್ಕ್ಯಾನ್ ಇದೆಯಾ ಅಂತ ಕೇಳಲೇಬೇಕು.

ಹಳಿಯ ಮೇಲಿನ ಚರ್ಚು

ಚಾಪೆಲ್ ಕಾರ್ ಬಗ್ಗೆ ಹೇಳದಿದ್ದರೆ ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. 1904ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಡೆದ ಜಾಗತಿಕ ಮೇಳದಲ್ಲಿ ಬ್ಯಾಪ್ಟಿಸ್ಟರು ಎಂಬ ಪ್ರಾಟೆಸ್ಟೆಂಟ್ ಪಂಗಡದವರು ಚರ್ಚು ಮಾಡಿದ್ದ ರೈಲು ಬೋಗಿಯೊಂದನ್ನು ಕೆಲ್ಲಿ ನೋಡಿದರು. 1907ರಲ್ಲಿ ತಮ್ಮದೇ ಬೋಗಿ ಹೊರಡಿಸಿದರು, ಹೆಸರು ಸಂತ ಆಂಥೋನಿ. ಹಳೆಯ ಬೋಗಿಯೊಂದನ್ನೇ ತಿದ್ದಿ ಮಾಡಿದ್ದು. 1912ರಲ್ಲಿ ಸಂತ ಪೀಟರ್, 1915ರಲ್ಲಿ ಸಂತ ಪಾಲ್ ಬಂದವು. ಈ ಎರಡಕ್ಕೂ ಹಣ ಕೊಟ್ಟದ್ದು ಒಹಾಯೊದ ಡೇಟನ್‌ನ ಪೀಟರ್ ಕುಂಟ್ಸ್. ಒಳಗೆ ಪೂಜಾಪೀಠ, ಬೆಂಚುಗಳು, ಪಾದ್ರಿ ಮಲಗುವ ಜಾಗ. ಊರಿನ ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ ಕೆಲವು ದಿನ ನಿಲ್ಲುವುದು, ಪೂಜೆ ಉಪದೇಶ ನಡೆಸುವುದು, ಮುಂದಿನ ಊರು. ರೈಲು ಕಂಪನಿಗಳು ಬಾಡಿಗೆ ಇಲ್ಲದೆ ಎಳೆದುಕೊಂಡು ಹೋಗುತ್ತಿದ್ದವು. ಮೊದಲ ಮಹಾಯುದ್ಧದಲ್ಲಿ ರೈಲ್ವೆ ಸರ್ಕಾರದ ಕೈಗೆ ಹೋದ ಮೇಲೆ ಆ ಅನುಕೂಲ ಇಲ್ಲವಾಯಿತು.

ಬೋಗಿಯ ಫೋಟೋಗಳು ಚೆನ್ನಾಗಿವೆ, ಎಲ್ಲರೂ ಅವನ್ನೇ ಬಳಸುತ್ತಾರೆ. ಅದೇ ತೊಂದರೆ. ಸೊಸೈಟಿಯ ನಿಜವಾದ ಕೆಲಸ ನಡೆದದ್ದು ಚೆಕ್‌ಗಳಲ್ಲಿ. ಚಾಪೆಲ್ ಹಣ, ಪೂಜೆ ಮಾಡಿಸಲು ಭಕ್ತರು ಕೊಟ್ಟ ಕಾಣಿಕೆಯನ್ನು ಬಡ ಪಾದ್ರಿಗಳಿಗೆ ಹಂಚುವುದು, ಬಲಿಪೂಜೆಯ ಬಟ್ಟೆಬರೆ ಕಳಿಸುವುದು. ಬಟ್ಟೆ ಹೊಲಿಯುವ ಕೆಲಸದಲ್ಲಿ ಆರ್ಡರ್ ಆಫ್ ಮಾರ್ತಾ ಎಂಬ ಮಹಿಳೆಯರ ಸಂಘ ಇತ್ತು. ಈ ಮಹಿಳೆಯರ ಬಗ್ಗೆ ಒಂದು ಸಣ್ಣ ಪ್ರಬಂಧ ಬರೆಯುವವರಿಗೆ ಬೋಗಿಗಿಂತ ಹೆಚ್ಚು ಹೊಸ ವಿಷಯ ಸಿಗುತ್ತದೆ.

ಮೆಕ್ಸಿಕೋದ ವಿಷಯ ಬೇರೆಯೇ ಒಂದು ಟಿಪ್ಪಣಿ ಬೇಡುತ್ತದೆ. ಅಲ್ಲಿನ ಕ್ರಾಂತಿಯ ಕಾಲದಲ್ಲಿ ಓಡಿಬಂದ ಬಿಷಪರಿಗೆ ಕೆಲ್ಲಿ ಆಸರೆಯಾದರು, ಟೆಕ್ಸಸ್‌ನ ಕ್ಯಾಸ್ಟ್ರೋವಿಲ್‌ನಲ್ಲಿ ಗಡೀಪಾರಾದವರಿಗೆ ಸೆಮಿನರಿ (ಪಾದ್ರಿಗಳನ್ನು ತಯಾರು ಮಾಡುವ ಶಾಲೆ) ನಡೆಸಲು ನೆರವಾದರು. ಚರ್ಚ್ ಕಟ್ಟುವ ಸಂಸ್ಥೆಯ ಕಾಗದಗಳಲ್ಲಿ ರಾಜಕೀಯ ಹೇಗೆ ಬಂತು ಅಂತ ಆಶ್ಚರ್ಯಪಡಬೇಡಿ.

ಕೊಡುವ ಕುರ್ಚಿಯಿಂದ ಕೇಳುವ ಕುರ್ಚಿಗೆ

ನನಗೆ ತುಂಬ ಇಷ್ಟವಾದ ತಿರುವು ಇದು. 19 ವರ್ಷ ಸೊಸೈಟಿಯ ಅಧ್ಯಕ್ಷರಾಗಿದ್ದ ಕೆಲ್ಲಿ 1924ರಲ್ಲಿ ಓಕ್ಲಹೋಮದ ಬಿಷಪ್ ಆದರು, 1948ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಓಕ್ಲಹೋಮ ಅಂದರೆ ಕ್ಯಾಥೋಲಿಕರು ತೀರಾ ಕಡಿಮೆ ಇದ್ದ ರಾಜ್ಯ. 1920ರ ದಶಕದಲ್ಲಿ ಕ್ಯಾಥೋಲಿಕರನ್ನೂ ದ್ವೇಷಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಸಂಘಟನೆ ಜೋರಾಗಿತ್ತು, 1930ರ ದಶಕದಲ್ಲಿ ಆರ್ಥಿಕ ಕುಸಿತದ ಜೊತೆಗೆ ಧೂಳಿನ ಬಿರುಗಾಳಿ. ಷಿಕಾಗೋದ ಕುರ್ಚಿಯಲ್ಲಿ ಕೂತು ಬೇರೆಯವರ ಬೇಡಿಕೆ ಓದುತ್ತಿದ್ದವರು ಈಗ ಬಡ ಧರ್ಮಪ್ರಾಂತ್ಯವೊಂದರ ಬಿಷಪ್. 1925ರಿಂದ ಷಿಕಾಗೋದ ಆ ಕುರ್ಚಿಯಲ್ಲಿ ಇದ್ದವರು ವಿಲಿಯಂ ಓ’ಬ್ರಿಯನ್, 1962ರವರೆಗೂ. ಹಾಗಾಗಿ ಓಕ್ಲಹೋಮದ ಕಡತ ತೆಗೆದರೆ 1924ರ ಗೆರೆಯನ್ನು ಮರೆಯಬೇಡಿ. ಅದಕ್ಕೆ ಹಿಂದಿನ ಪತ್ರಗಳಲ್ಲಿ ಉತ್ತರ ಕೊಡುವವರು ಕೆಲ್ಲಿ, ಆಮೇಲಿನವುಗಳಲ್ಲಿ ಕೇಳುವವರು. ದಾನಿಯ ಮನಸ್ಸನ್ನು ಒಳಗಿನಿಂದ ಬಲ್ಲ ಮನುಷ್ಯ ಬರೆದ ಪತ್ರ ಅಂತ ಗೊತ್ತಿದ್ದು ಓದಿದರೆ, ಪ್ರತಿ ವಾಕ್ಯ ಎಲ್ಲಿ ತಿರುಗುತ್ತದೆ ಅಂತ ಗಮನಿಸುವ ಹಾಗಾಗುತ್ತದೆ.

ಯಾರ ದನಿ ಇಲ್ಲಿ ಕಡಿಮೆ? ಚರ್ಚಿಗೆ ಬರುತ್ತಿದ್ದ ಜನರದು. ಮೆಕ್ಸಿಕನ್ ಕೂಲಿಗಳು, ಕಪ್ಪು ಜನ, ಮೂಲನಿವಾಸಿಗಳು ಪತ್ರಗಳಲ್ಲಿ ಬರುತ್ತಾರೆ, ಆದರೆ ಬೇರೆಯವರ ಬಾಯಲ್ಲಿ, ಅದೂ ಕರುಣೆ ಹುಟ್ಟಿಸುವ ಮಾತಲ್ಲಿ. ಎಷ್ಟು ಬಡವರು ಅಂತ ಹೇಳುತ್ತಾರೆ, ಅವರಿಗೆ ಏನು ಬೇಕಿತ್ತು ಅಂತ ಹೇಳುವುದಿಲ್ಲ. ಮೂಲನಿವಾಸಿಗಳ ವಿಷಯ ಓದುವವರು ಈ ಒಂದು ಸಂಗ್ರಹಕ್ಕೆ ಅಂಟಿಕೊಳ್ಳಬಾರದು. ಮಿಲ್ವಾಕಿಯ ಮಾರ್ಕೆಟ್ (Marquette) ವಿಶ್ವವಿದ್ಯಾಲಯದಲ್ಲಿ, ಅಮೆರಿಕದ ಮೂಲನಿವಾಸಿಗಳ (‘ಇಂಡಿಯನ್’ ಅಂದರೆ ಇಲ್ಲಿ ಅವರೇ) ನಡುವೆ ಕೆಲಸ ಮಾಡಿದ ಬ್ಯೂರೋ ಆಫ್ ಕ್ಯಾಥೋಲಿಕ್ ಇಂಡಿಯನ್ ಮಿಷನ್ಸ್‌ನ ದಾಖಲೆಗಳಿವೆ. ಮೂಲನಿವಾಸಿ ಮಕ್ಕಳನ್ನು ಇರಿಸಿದ್ದ ಬೋರ್ಡಿಂಗ್ ಶಾಲೆಗಳ ಪ್ರಶ್ನೆ ಎತ್ತುವವರು ಅಲ್ಲಿಗೆ ಹೋಗಲೇಬೇಕು.

ಕೊನೆಗೆ ಒಂದು ವ್ಯಾವಹಾರಿಕ ಮಾತು. ವಂಶವೃಕ್ಷ ಹುಡುಕುವವರು ಇಂಥ ಸಂಗ್ರಹಕ್ಕೆ ಆಸೆಯಿಂದ ಬರುತ್ತಾರೆ. ದೀಕ್ಷಾಸ್ನಾನ, ಮದುವೆ, ಸಾವಿನ ರಿಜಿಸ್ಟರ್ ಹಣ ಕೊಟ್ಟ ಸಂಸ್ಥೆಯಲ್ಲಿ ಇರುವುದಿಲ್ಲ. ಅವು ಆಯಾ ಚರ್ಚಿನಲ್ಲಿ, ಚರ್ಚು ಮುಚ್ಚಿದ್ದರೆ ಸಾಮಾನ್ಯವಾಗಿ ಧರ್ಮಪ್ರಾಂತ್ಯದ ಕಚೇರಿಯಲ್ಲಿ ಇರುತ್ತವೆ. ಸೊಸೈಟಿಯ ಕಡತದಿಂದ ಸಿಗುವುದು ಆ ಚರ್ಚು ಯಾವ ವರ್ಷ ಎದ್ದಿತು, ಆಗ ಪಾದ್ರಿ ಯಾರು, ಎಷ್ಟು ಮನೆಗಳು ಅಂತ ಬರೆದಿದ್ದರು ಎಂಬುದು. ಆ ಮನೆಗಳ ಲೆಕ್ಕವನ್ನೂ ಅದೇ ಕಾಲದ ಜನಗಣತಿಯ ಜೊತೆ ತಾಳೆ ನೋಡಿ. ಹಣ ಕೇಳುವಾಗ ಮನೆಗಳು ಒಂದೆರಡು ಹೆಚ್ಚಾಗಬಹುದು, ಜನ ತುಂಬ ಬಡವರು ಅಂತ ತೋರಿಸಬೇಕಾದಾಗ ಕಡಿಮೆಯೂ ಆಗಬಹುದು.