ಸಾಲಿನ ತುದಿಯಲ್ಲಿ ಒಂದು ಕುರಿ

ನಮ್ಮ ಸಂಘದ ನೆನಪಿನ ಸಂಚಿಕೆ ಮೈಸೂರಿನ ಒಂದು ಪುಟ್ಟ ಪ್ರೆಸ್ಸಿನಲ್ಲಿ ತಯಾರಾಗುತ್ತಿತ್ತು. ಮಂಡ್ಯದಿಂದ ಬೆಳಗಿನ ರೈಲು ಹತ್ತಿ ಪ್ರೂಫ್ ನೋಡಲು ಹೋದೆ. ಪುಟಕ್ಕೆ ಮೂರು ಕಾಲಂ. ಕಾಲಂ ಸಣ್ಣದು, ನಮ್ಮ ಪದಗಳು ಉದ್ದ. ಸಮಾರಂಭದ ವರದಿಯಲ್ಲಿ ಒಂದು ಸಾಲು 'ಅಧ್ಯಕ್ಷರನ್ನು ಕುರಿ-' ಎಂದು ಮುಗಿದಿತ್ತು. ಅದರ ಕೆಳಗೆ 'ತು ನಾಡಿನ ಹಿರಿಯ ಲೇಖ-'. ಅದರ ಕೆಳಗೆ 'ಕರು ಮಾತನಾಡಿದರು'.

ಅಧ್ಯಕ್ಷರು ಕುರಿ. ಮಾತನಾಡಿದ್ದು ಕರು.

"ನಾನೇನು ಮಾಡ್ಲಿ ಸಾರ್, ಕಂಪ್ಯೂಟರೇ ಒಡೆದಿದ್ದು" ಅಂದ ಪ್ರೆಸ್ಸಿನ ಹುಡುಗ. ಅವನ ಮಾತು ಸರಿಯೇ. ಕಾಲಂನ ಎರಡೂ ಅಂಚು ನೇರವಾಗಿ ನಿಲ್ಲಬೇಕೆಂದರೆ ಪ್ರತಿ ಸಾಲೂ ಒಂದೇ ಅಗಲ ಇರಬೇಕು. ಪದಗಳನ್ನು ಒಡೆಯದೆ ಹಾಗೆ ಮಾಡಲು ಹೋದರೆ ನಡುವಿನ ಜಾಗ ಹಿಗ್ಗಿ, ಪುಟದ ತುಂಬ ಬಿಳಿ ತೂತುಗಳಾಗುತ್ತವೆ. ಅದಕ್ಕೇ ಉದ್ದದ ಪದವನ್ನು ತುದಿಯಲ್ಲಿ ಮುರಿದು, ಒಂದು ಹೈಫನ್ ಇಟ್ಟು, ಉಳಿದದ್ದನ್ನು ಕೆಳಗೆ ಇಳಿಸುವುದು. ಹಿಂದೆ ಅಚ್ಚಿನ ಮೊಳೆ ಜೋಡಿಸುವ ಕಂಪೋಸಿಟರ್ ಇದನ್ನು ಕೈಯಲ್ಲೇ ಮಾಡುತ್ತಿದ್ದ. ಅವನು ಓದಬಲ್ಲವನಾಗಿದ್ದ. ಕುರಿ ಕಂಡರೆ ಅವನಿಗೂ ನಗು ಬರುತ್ತಿತ್ತು. ಕಂಪ್ಯೂಟರಿಗೆ ಕುರಿಯೂ ಗೊತ್ತಿಲ್ಲ, ಅಧ್ಯಕ್ಷರೂ ಗೊತ್ತಿಲ್ಲ. ಹಾಗಾದರೆ ಅದು ಯಾವ ಧೈರ್ಯದಲ್ಲಿ ಪದ ಒಡೆಯುತ್ತದೆ?

ಈ ತಲೆನೋವು ಜಾಸ್ತಿ ಕಾಡಿದ್ದು ಇಂಗ್ಲಿಷಿನವರನ್ನು. ನಾವೂ ದಿನಾ ಬಳಸುವ ಅವರದೊಂದು ಪದ ತಗೊಳ್ಳೋಣ: ರೆಕಾರ್ಡ್. ಮಂಡ್ಯದ ತಾಲ್ಲೂಕು ಕಚೇರಿಯ ಮುಂದೆ ನಿಂತು 'ರೆಕಾರ್ಡ್ ಸರಿ ಇದ್ಯಾ' ಎಂದರೆ ಪಹಣಿ, ಖಾತೆ, ಸರ್ವೆ ನಕ್ಷೆ. ಪಿಯುಸಿ ಹುಡುಗಿಗೆ ಅದು ಲ್ಯಾಬಿನ ಪುಸ್ತಕ, ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಬರೆಯುವಂಥದ್ದು. ಕ್ರಿಕೆಟ್ ನೋಡುವವರಿಗೆ ಮುರಿಯುವಂಥದ್ದು. ಅಜ್ಜನಿಗೆ ಗ್ರಾಮಫೋನಿನ ಕಪ್ಪು ತಟ್ಟೆ. 'ನಿಮ್ಮ ಮಾತೆಲ್ಲ ರೆಕಾರ್ಡ್ ಮಾಡ್ಕೊಂಡಿದೀನಿ' ಎಂದರೆ ಬೆದರಿಕೆ.

ಎಲ್ಲಕ್ಕೂ ನಾವು ಒಂದೇ ಥರ ರೆಕಾರ್ಡ್ ಅನ್ನುತ್ತೇವೆ. ಕೆಲಸ ಎಂದು ತೋರಿಸಬೇಕಾದರೆ ಮುಂದೆ ಒಂದು 'ಮಾಡು' ಸೇರಿಸಿದರೆ ಆಯಿತು. ಇಂಗ್ಲಿಷಿನಲ್ಲಿ ಹಾಗಲ್ಲ. ನಾಮಪದವಾದಾಗ ಒತ್ತು ಮೊದಲಿಗೆ, ಹೆಚ್ಚುಕಡಿಮೆ 'ರೆಕ್-ಅರ್ಡ್'. ಕ್ರಿಯಾಪದವಾದಾಗ ಒತ್ತು ಕೊನೆಗೆ, 'ರಿ-ಕಾರ್ಡ್'. ಮೈಸೂರಿನ ಜಯಚಾಮರಾಜ ಒಡೆಯರ್ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಪಿಯಾನೊ ಸಂಗೀತವನ್ನು ತಮ್ಮ ಹಣದಲ್ಲಿ ರೆಕಾರ್ಡ್ ಮಾಡಿಸಿದರು. ಮಹಾರಾಜರು ಮಾಡಿಸಿದ್ದು ಒಂದು ಉಚ್ಚಾರಣೆ, ಕೊನೆಗೆ ಕೈಗೆ ಬಂದ ತಟ್ಟೆ ಇನ್ನೊಂದು ಉಚ್ಚಾರಣೆ. ಬರೆಯುವ ಆರು ಅಕ್ಷರ ಮಾತ್ರ ಅವೇ. ಸಾಲಿನ ತುದಿಗೆ ಬಂದು ಒಡೆಯುವಾಗ ಗುಟ್ಟು ಹೊರಬೀಳುತ್ತದೆ: ತಟ್ಟೆಯಾದರೆ 'ಸಿ' ಮೇಲಿನ ಸಾಲಿಗೆ, ಕೆಲಸವಾದರೆ 'ಸಿ' ಕೆಳಗಿನ ಸಾಲಿಗೆ.

ಈ ಪದದ ಒಳಗೆ ಒಂದು ಹೃದಯವೂ ಇದೆ. ಲ್ಯಾಟಿನ್ ಭಾಷೆಯಲ್ಲಿ 'ಕೊರ್' ಎಂದರೆ ಹೃದಯ, 'ರೆ' ಎಂದರೆ ಮತ್ತೆ. ಮತ್ತೆ ಮನಸ್ಸಿಗೆ ತಂದುಕೊಳ್ಳುವುದೇ ಮೂಲ ಅರ್ಥ. ಇಂಗ್ಲಿಷಿನವರು ಇವತ್ತಿಗೂ ಪಾಠವನ್ನು ಹೃದಯದಿಂದ ಕಲಿಯುತ್ತಾರೆ. ನಮ್ಮದು ಬಾಯಿಪಾಠ, ಕಂಠಪಾಠ. ಹೃದಯದವರೆಗೆ ಇಳಿಯುವ ಖಾತ್ರಿ ನಾವು ಕೊಡುವುದಿಲ್ಲ! ಇರಲಿ. ಕ್ರಿಯಾಪದವಾಗಿ ಒಡೆದರೆ ಆ ಹೃದಯ ಇಡಿಯಾಗಿ ಕೆಳಗಿಳಿಯುತ್ತದೆ. ನಾಮಪದವಾಗಿ ಒಡೆದರೆ ಹೃದಯವೇ ಎರಡು ತುಂಡು.

ಅರ್ಥ ಜಾಸ್ತಿ ಇದ್ದ ಮಾತ್ರಕ್ಕೆ ತೊಂದರೆ ಆಗಬೇಕೆಂದೇನೂ ಇಲ್ಲ. 'ಸೆಟ್' ಪದಕ್ಕೆ ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿ 430 ಅರ್ಥ ಕೊಟ್ಟಿತ್ತು. ನಮ್ಮ ಸೆಟ್ ದೋಸೆ, ಗದ್ದೆಯ ಪಂಪ್‌ಸೆಟ್ಟು ಅದರಲ್ಲಿ ಸೇರಿವೆಯೋ ಇಲ್ಲವೋ, ಒಡೆಯುವವನಿಗೆ ಅದರ ಚಿಂತೆಯಿಲ್ಲ. ಬಾಯಲ್ಲಿ ಒಂದೇ ತುತ್ತಾಗಿ ಬರುವ ಪದವನ್ನು ಒಡೆಯುವಂತೆಯೇ ಇಲ್ಲ.

1983ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಲಿಯಾಂಗ್ ಇದರ ಮೇಲೆಯೇ ಪಿಎಚ್‌ಡಿ ಮುಗಿಸಿದರು. ಅವರ ಗುರು ಡೊನಾಲ್ಡ್ ಕನೂತ್ ಪುಸ್ತಕ ಜೋಡಿಸಲು ಟೆಕ್ ಎಂಬ ತಂತ್ರಾಂಶ ಬರೆಯುತ್ತಿದ್ದರು. ಆಗಿನ ಕಂಪ್ಯೂಟರಿನಲ್ಲಿ ಇಡೀ ನಿಘಂಟು ತುಂಬಲು ಜಾಗವಿರಲಿಲ್ಲ. ಲಿಯಾಂಗ್ ನಿಘಂಟನ್ನು ಹಿಂಡಿ 4447 ಸಣ್ಣ ತುಣುಕು ತೆಗೆದರು. ಪ್ರತಿ ತುಣುಕೂ ಕೆಲವು ಅಕ್ಷರ, ಅವುಗಳ ಸಂದಿನಲ್ಲಿ ಒಂದು ಅಂಕಿ. ಬೆಸ ಅಂಕಿ 'ಒಡಿ' ಅನ್ನುತ್ತದೆ, ಸಮ ಅಂಕಿ 'ಬೇಡ' ಅನ್ನುತ್ತದೆ. ಒಂದೇ ಸಂದಿಗೆ ಇಬ್ಬರು ತೀರ್ಪು ಕೊಟ್ಟರೆ ದೊಡ್ಡ ಅಂಕಿಯದೇ ಮಾತು. ಊರ ಪಂಚಾಯ್ತಿ ಕಟ್ಟೆಯಲ್ಲಿ ಹಿರಿಯರ ಮಾತು ನಡೆಯುತ್ತಲ್ಲ, ಹಾಗೆ. ಅರ್ಥ, ಉಚ್ಚಾರಣೆ, ವ್ಯಾಕರಣ ಯಾವುದೂ ಅದಕ್ಕೆ ಗೊತ್ತಿಲ್ಲ. ಆದರೂ ತನಗೆ ಕಲಿಸಿದ ನಿಘಂಟಿನ 100ಕ್ಕೆ 89 ಸಂದುಗಳನ್ನು ಅದು ಹುಡುಕಿತು, ತಪ್ಪು ಕಡೆ ಒಡೆದದ್ದು ಇಲ್ಲವೆನ್ನುವಷ್ಟು ಕಡಿಮೆ.

ತಮಾಷೆ ನೋಡಿ, ಕೈತಪ್ಪಿದ್ದರಲ್ಲಿ 'ಹೈಫನೇಶನ್' ಪದದ ಕೊನೆಯ ಸಂದೂ ಒಂದು. 'ಟಿ-ಐ-ಓ' ಬಂದರೆ ಅದರ ಹಿಂದೆ ಒಡೆಯಬಹುದು ಎಂದು ಒಂದು ತುಣುಕು 1 ಅಂಕಿ ಕೊಡುತ್ತದೆ. 'ಹೆಚ್-ಇ-ಎನ್-ಎ' ಎಂಬ ತುಣುಕು ಅದೇ ಜಾಗಕ್ಕೆ 4 ಅನ್ನುತ್ತದೆ. ಹಿರಿಯರು ಬೇಡವೆಂದ ಮೇಲೆ ಮುಗಿಯಿತು. ಪಾಪ, ಅದು ಲಿಯಾಂಗ್ ಅವರ ಪ್ರಬಂಧದ ಹೆಸರಿನಲ್ಲೇ ಇದ್ದ ಪದ.

ಹೀಗೆ ಸಿಗದೇ ಹೋದರೂ ನಷ್ಟ ಸ್ವಲ್ಪವೇ. ತಪ್ಪಾಗಿ ಒಡೆದರೆ ಮಾತ್ರ ಓದುಗ ಎಡವುತ್ತಾನೆ. ಟೆಕ್ ಜೊತೆಗೆ ಬಂದ ಅಪವಾದಗಳ ಪಟ್ಟಿಯಲ್ಲಿ ಇದ್ದದ್ದು 14 ಪದ. 'ಪ್ರೆಸೆಂಟ್', 'ಪ್ರಾಜೆಕ್ಟ್' ಎರಡೂ ಅದರಲ್ಲಿವೆ. ಇವೂ ರೆಕಾರ್ಡಿನ ಜಾತಿಯವೇ. ಕ್ಲಾಸಿನಲ್ಲಿ ಕೈಯೆತ್ತಿ ಕೂಗುವ ಪ್ರೆಸೆಂಟ್, ಹುಟ್ಟುಹಬ್ಬಕ್ಕೆ ಕೊಡುವ ಪ್ರೆಸೆಂಟ್, ವೇದಿಕೆಯಲ್ಲಿ ಮಾಡುವ ಪ್ರೆಸೆಂಟ್. ಯಾವುದು ಎಂದು ಅಕ್ಷರ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ಪಟ್ಟಿಯಲ್ಲಿ ಅವುಗಳಿಗೆ ಹೈಫನ್ ಹಾಕಿಯೇ ಇಲ್ಲ. ಎಲ್ಲೂ ಒಡೆಯಬೇಡ ಎಂದರ್ಥ. ಇಡೀ ಏರ್ಪಾಟಿನಲ್ಲಿ ನನಗೆ ಬಹಳ ಹಿಡಿಸಿದ್ದು ಈ ಸುಮ್ಮನಿರುವ ಜಾಣತನ.

ಇನ್ನು ಕನ್ನಡಕ್ಕೆ ಬರೋಣ. ನಮಗೆ ಸಾವಿರಾರು ತುಣುಕು ಬೇಡ. ಅಕ್ಷರ ಮುಗಿದ ಕಡೆ ಒಡೆಯಬಹುದು, ಕಾಗುಣಿತ ಒತ್ತಕ್ಷರಗಳನ್ನು ಸೀಳಬಾರದು, ಅಷ್ಟೇ. ಕಂಪ್ಯೂಟರಿಗೆ ಮಾತ್ರ ಇದನ್ನು ಹೇಳಿಕೊಡಬೇಕು. ನಾವು 'ಜ್ಞಾ' ಎಂದು ಒಂದೇ ಅಕ್ಷರ ಕಂಡರೆ ಯುನಿಕೋಡಿನಲ್ಲಿ ಅದು ನಾಲ್ಕು ಚೂರು: ಜ, ಅರ್ಧಾಕ್ಷರದ ಗುರುತು, ಞ, ದೀರ್ಘ.

ಕಿವಿ ಮಾತ್ರ ಈ ಲೆಕ್ಕ ಒಪ್ಪುವುದಿಲ್ಲ. ಮಂಡ್ಯದ ಕಬ್ಬನ್ನು ಬರೆಯುವಾಗ ಒಡೆದರೆ 'ಕ-ಬ್ಬು'. ಬಾಯಲ್ಲಿ ಅದು 'ಕಬ್-ಬು'. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಶಾಲೆಯಲ್ಲಿ ಛಂದಸ್ಸಿನ ಪಾಠ ಮಾಡಿದ್ದರಲ್ಲ, ಅದರ ಗುಟ್ಟು ಇದೇ. ಇಂಗ್ಲಿಷಿನಲ್ಲೂ ಇಂಥದ್ದೇ ಜಗಳವಿದೆ. 'ನಾಲೆಡ್ಜ್' ಪದದ ನಡುವಿನ 'ಎಲ್' ಅನ್ನು ಉಚ್ಚಾರಣೆ ಕೇಳಿ ಅಮೆರಿಕದವರು ಮೇಲಿನ ಸಾಲಿನಲ್ಲಿ ಇಡುತ್ತಾರೆ. ಪದದ ಮೂಲ ನೋಡಿ ಬ್ರಿಟನ್ನಿನವರು ಕೆಳಗಿನ ಸಾಲಿಗೆ ಇಳಿಸುತ್ತಾರೆ. ನಾವು ಕಿವಿಯನ್ನು ಬಿಟ್ಟು ಕಣ್ಣಿನ ಕಡೆ ಸೇರಿಕೊಂಡೆವು.

ಇದು ಹಳೆಯ ಅಭ್ಯಾಸ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಶುರುವಾಯಿತು. ಅಲ್ಲಿ ಕಾಪಾಡಿರುವಂಥ ತಾಳೆಗರಿಗಳಲ್ಲಿ ಪದಗಳ ನಡುವೆ ಜಾಗವೇ ಇರುವುದಿಲ್ಲ. ಗರಿ ಮುಗಿದಲ್ಲಿ ಸಾಲು ಮುಗಿಯಿತು, ಪದದ ಅರ್ಧ ಕೆಳಗೆ. ಹೈಫನ್ ಇಲ್ಲ. ಬರೆಯುವವನು ದಾರ ಪೋಣಿಸುವ ತೂತಿನ ಸುತ್ತ ಜಾಗ ಬಿಟ್ಟು ಬರೆಯುತ್ತಾ ಹೋದ, ಓದುವವನು ಜೊತೆಗೆ ಬಂದ. ಕಲ್ಲಿನ ಶಾಸನಗಳಲ್ಲೂ ಇದೇ ಕತೆ.

ಹಾಗಾಗಿ 'ಕುರಿ-ತು' ಎಂದು ಒಡೆದ ಕಂಪ್ಯೂಟರ್ ನಿಯಮದ ಪ್ರಕಾರ ತಪ್ಪೇ ಮಾಡಿಲ್ಲ. 'ಕುರಿ' ಎರಡು ಪೂರ್ತಿ ಅಕ್ಷರ. ನಾನು 'ಅಧ್ಯಕ್ಷರನ್ನು ಕುರಿತು' ತೆಗೆದು 'ಅಧ್ಯಕ್ಷರ ಬಗ್ಗೆ' ಮಾಡಿಸಿದೆ. ಸಾಲು ಸರಿದು ಲೇಖಕರೂ ಒಂದೇ ಕಡೆ ಕೂತರು. ಎರಡನೇ ಪ್ರೂಫ್ ಬಂತು. ಕೆಳಗಿನ ಪ್ಯಾರಾದಲ್ಲಿ 'ಸ್ವಯಂಸೇವ-' ಮೇಲೆ, 'ಕರು ಊಟ ಮುಗಿಸಿ ಹೊರಟರು' ಕೆಳಗೆ.

ರೈಲಿಗೆ ಹೊತ್ತಾಗಿತ್ತು. ಹಾಗೇ ಬಿಟ್ಟೆ.