ಟನ್ನಿಗೆ 27 ರೂಪಾಯಿ: ಬಳ್ಳಾರಿಯ ಅದಿರು ಯಾರ ಪಾಲಾಯಿತು?

ಸಂಡೂರಿನ ಗುಡ್ಡಗಳಲ್ಲಿ ಅಗೆದ ಕಬ್ಬಿಣದ ಅದಿರನ್ನು ಒಡೆದು ಜರಡಿ ಹಿಡಿದಾಗ ಎರಡು ಬಗೆಯ ಸರಕು ಸಿಗುತ್ತದೆ. ಜರಡಿಯ ಮೇಲೆ ಉಳಿಯುವುದು ಗಟ್ಟಿ ಅದಿರು; ಅದನ್ನು ನೇರವಾಗಿ ಉಕ್ಕಿನ ಕಾರ್ಖಾನೆಯ ಊದುಕುಲುಮೆಗೆ ಹಾಕಬಹುದು. ಕೆಳಗೆ ಬೀಳುವುದು 10 ಮಿಲಿಮೀಟರಿಗಿಂತ ಸಣ್ಣದಾದ ಪುಡಿ ಅದಿರು. ಅದನ್ನು ಮತ್ತೆ ಸುಟ್ಟು ಉಂಡೆಯಾಗಿಸದೆ ಕುಲುಮೆಗೆ ಹಾಕಲು ಬರುವುದಿಲ್ಲ. ಆ ಸೌಕರ್ಯ ನಮ್ಮಲ್ಲಿ ಕಡಿಮೆಯಿದ್ದ ಕಾರಣ, ಬಹಳ ಕಾಲ ಪುಡಿ ಅದಿರಿಗೆ ಗಿರಾಕಿಗಳು ವಿರಳವಾಗಿದ್ದರು ಮತ್ತು ಗಣಿಯ ಪಕ್ಕದಲ್ಲೇ ಸುರಿದ ಅದರ ರಾಶಿಗಳು ಮಳೆಗಾಲ ಬಂದಾಗಲೆಲ್ಲ ಕರಗಿ ಹಳ್ಳಗಳಿಗೆ ಇಳಿಯುತ್ತಿದ್ದವು. ಬಳ್ಳಾರಿಯ ಗಣಿಗಾರಿಕೆಯ ಕಥೆಯನ್ನು ಈ ರಾಶಿಗಳಿಂದಲೇ ಆರಂಭಿಸಬೇಕೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಯಾರಿಗೂ ಬೇಡವಾಗಿದ್ದ ಆ ಪುಡಿಗೆ ಇದ್ದಕ್ಕಿದ್ದಂತೆ ಬೆಲೆ ಬಂದಾಗ ಅದರ ಲಾಭ ಯಾರಿಗೆ ಸೇರಬೇಕೆಂಬುದನ್ನು ನಮ್ಮ ಕಾನೂನು ಯೋಚಿಸಿಯೇ ಇರಲಿಲ್ಲ.

ಬೆಲೆ ಬಂದದ್ದು ಚೀನಾದಿಂದ. 2000ರಲ್ಲಿ ಸುಮಾರು 13 ಕೋಟಿ ಟನ್ ಇದ್ದ ಆ ದೇಶದ ಉಕ್ಕಿನ ಉತ್ಪಾದನೆ 2008ರ ಹೊತ್ತಿಗೆ 50 ಕೋಟಿ ಟನ್ ಮೀರಿತು. ಅಲ್ಲಿನ ಕಾರ್ಖಾನೆಗಳಿಗೆ ಪುಡಿ ಅದಿರೇ ಬೇಕಾಗಿತ್ತು. 2005ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ದರ ಒಂದೇ ಏಟಿಗೆ ಶೇ 71.5ರಷ್ಟು ಏರಿತು, ಬೀಜಿಂಗ್ ಒಲಿಂಪಿಕ್ಸ್ ನಡೆದ 2008ರಲ್ಲಿ ಚೀನಾದ ಬಂದರು ತಲುಪಿದ ಭಾರತದ ಅದಿರಿನ ಬೆಲೆ ಟನ್ನಿಗೆ 150 ಡಾಲರ್ ದಾಟಿತು. ಹಡಗಿನ ಬಾಡಿಗೆ, ಲಾರಿ ಬಾಡಿಗೆ ಎಲ್ಲವನ್ನೂ ಕಳೆದರೂ ಅಗೆದವನ ಕೈಯಲ್ಲಿ ಟನ್ನಿಗೆ ಸಾವಿರಾರು ರೂಪಾಯಿ ಉಳಿಯುತ್ತಿತ್ತು.

ಇದೇ ಹೊತ್ತಿನಲ್ಲಿ ಆ ಅದಿರಿನ ಒಡೆಯನಾದ ರಾಜ್ಯಕ್ಕೆ ಸಲ್ಲುತ್ತಿದ್ದ ರಾಜಧನ, ಅತ್ಯುತ್ತಮ ದರ್ಜೆಯ ಗಟ್ಟಿ ಅದಿರಿಗೆ ಟನ್ನಿಗೆ 27 ರೂಪಾಯಿ. ಪುಡಿ ಅದಿರಿಗೆ ಅದಕ್ಕಿಂತಲೂ ಕಡಿಮೆ. ಈ ದರವನ್ನು ನಿಗದಿ ಮಾಡುವ ಅಧಿಕಾರ ಕೇಂದ್ರ ಸರ್ಕಾರದ್ದು, ಬರುವ ಹಣ ಮಾತ್ರ ರಾಜ್ಯದ್ದು. ಮೂರು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ದರ ಏರಿಸುವಂತಿಲ್ಲ ಎಂದು ಗಣಿ ಮತ್ತು ಖನಿಜ ಕಾಯ್ದೆಯೇ ಹೇಳುತ್ತದೆ. ದರ ಇದ್ದದ್ದು ತೂಕಕ್ಕೇ ಹೊರತು ಬೆಲೆಗಲ್ಲ. ಹಾಗಾಗಿ ಬೆಲೆ ಹತ್ತು ಪಟ್ಟಾದರೂ ರಾಜ್ಯದ ಪಾಲು ಒಂದು ಪೈಸೆಯೂ ಏರುವಂತಿರಲಿಲ್ಲ. 2009ರ ಆಗಸ್ಟಿನಲ್ಲಿ ರಾಜಧನವನ್ನು ಅದಿರಿನ ಮೌಲ್ಯದ ಶೇ 10ಕ್ಕೆ ಬದಲಾಯಿಸುವವರೆಗೂ ಈ ಸ್ಥಿತಿಯೇ ಮುಂದುವರಿಯಿತು. ಆ ವರ್ಷಗಳಲ್ಲಿ ನಡೆದ ಅಕ್ರಮಗಳ ಬಗ್ಗೆ ಬಹಳ ಬರೆಯಲಾಗಿದೆ, ಬರೆಯಬೇಕಾದದ್ದೂ ಹೌದು. ಆದರೆ 27 ರೂಪಾಯಿಗೂ ಸಾವಿರಾರು ರೂಪಾಯಿಗೂ ನಡುವಿನ ಅಂತರ ಪೂರ್ತಿಯಾಗಿ ಕಾನೂನುಬದ್ಧವಾಗಿತ್ತು, ಮತ್ತು ಅಕ್ರಮಕ್ಕೆ ಬೇಕಾದ ಬಂಡವಾಳ ಹುಟ್ಟಿದ್ದೇ ಅಲ್ಲಿ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ.

ಸಂಡೂರು ಸೀಮೆಗೆ ಗಣಿಗಾರಿಕೆ ಹೊಸದಲ್ಲ. ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿದ್ದಾಗಲೇ ಅಲ್ಲಿ ಮ್ಯಾಂಗನೀಸ್ ತೆಗೆಯಲಾಗುತ್ತಿತ್ತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣ ಅದಿರು ಕಂಪನಿ ಆರಂಭವಾಯಿತು, 1977ರಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ ದೋಣಿಮಲೈಯಲ್ಲಿ ಗಣಿ ತೆರೆಯಿತು. ಅದಿರು ಇದ್ದಲ್ಲೇ ಉಕ್ಕು ತಯಾರಾಗಬೇಕು, ಕೆಲಸವೂ ಅಲ್ಲೇ ಹುಟ್ಟಬೇಕು ಎಂಬ ಬೇಡಿಕೆಯೂ ಹಳೆಯದೇ. ಆ ಬೇಡಿಕೆಗೆ ಓಗೊಟ್ಟು ಇಂದಿರಾ ಗಾಂಧಿಯವರು 1971ರಲ್ಲಿ ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕು ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಜಮೀನು ಸ್ವಾಧೀನವಾಯಿತು, ಕಾರ್ಖಾನೆ ಬರಲಿಲ್ಲ. ಎರಡು ದಶಕ ಆ ಅಡಿಗಲ್ಲು ಹಾಗೆಯೇ ಉಳಿಯಿತು. ಕೊನೆಗೆ 1990ರ ದಶಕದಲ್ಲಿ ಜಿಂದಾಲ್ ಸಮೂಹ ಅಲ್ಲಿ ಖಾಸಗಿ ಕಾರ್ಖಾನೆ ಕಟ್ಟಿತು. ಇಂದು ಅದರ ಸಾಮರ್ಥ್ಯ ವರ್ಷಕ್ಕೆ 1 ಕೋಟಿ ಟನ್ ಮೀರಿದೆ. ಆ ಎರಡು ದಶಕಗಳ ವಿಳಂಬವನ್ನು ನಾನು ಸಣ್ಣ ಸಂಗತಿಯೆಂದು ಭಾವಿಸುವುದಿಲ್ಲ. ಚೀನಾದ ಬೇಡಿಕೆ ಬಂದಾಗ ನಮ್ಮಲ್ಲಿ ಪುಡಿ ಅದಿರನ್ನು ಬಳಸಬಲ್ಲ ಕುಲುಮೆಗಳು ಸಾಕಷ್ಟು ಇದ್ದಿದ್ದರೆ, ಅದಿರನ್ನು ಕಚ್ಚಾ ರೂಪದಲ್ಲೇ ಹಡಗಿಗೆ ತುಂಬುವ ಆತುರ ಅಷ್ಟಿರುತ್ತಿರಲಿಲ್ಲ.

1993ರ ರಾಷ್ಟ್ರೀಯ ಖನಿಜ ನೀತಿ, ಅದುವರೆಗೆ ಸರ್ಕಾರಿ ವಲಯಕ್ಕೆ ಕಾಯ್ದಿರಿಸಿದ್ದ 13 ಖನಿಜಗಳನ್ನು ಖಾಸಗಿಯವರಿಗೆ ತೆರೆಯಿತು. ಕಬ್ಬಿಣದ ಅದಿರು ಅವುಗಳಲ್ಲೊಂದು. ಹತ್ತು ವರ್ಷಗಳ ನಂತರ, 2003ರ ಮಾರ್ಚ್ 15ರಂದು, ಕರ್ನಾಟಕ ಸರ್ಕಾರ, ಸರ್ಕಾರಿ ಗಣಿಗಾರಿಕೆಗೆಂದು ಕಾಯ್ದಿರಿಸಿದ್ದ 11,620 ಚದರ ಕಿಲೋಮೀಟರ್ ಪ್ರದೇಶದ ಮೀಸಲನ್ನು ತೆರವುಗೊಳಿಸಿ ಅಧಿಸೂಚನೆ ಹೊರಡಿಸಿತು. ಉಕ್ಕಿನ ಉದ್ಯಮಕ್ಕೆ ಉತ್ತೇಜನ, ಉದ್ಯೋಗ ಸೃಷ್ಟಿ ಎಂಬ ಕಾರಣಗಳನ್ನು ಕೊಡಲಾಗಿತ್ತು. ಅರ್ಜಿಗಳು ಪ್ರವಾಹದಂತೆ ಬಂದವು.

ಮುಂದಿನ ಐದಾರು ವರ್ಷ ಹೊಸಪೇಟೆ, ಸಂಡೂರು, ಬಳ್ಳಾರಿಗಳನ್ನು ಕಂಡವರಿಗೆ ಆ ದಿನಗಳ ಬಣ್ಣ ಮರೆಯುವುದಿಲ್ಲ. ಗಣಿ ಗುತ್ತಿಗೆಯ ಗುಡ್ಡಗಳಷ್ಟೇ ಅಲ್ಲ, ರೈತರ ಪಟ್ಟಾ ಜಮೀನುಗಳಲ್ಲೂ ಅಗೆತ ಆರಂಭವಾಯಿತು. ಸಾವಿರಾರು ವರ್ಷಗಳಲ್ಲಿ ಗುಡ್ಡದಿಂದ ಉರುಳಿ ಬಂದು ಮಣ್ಣಿನಲ್ಲಿ ಬೆರೆತ ಅದಿರಿನ ಕಲ್ಲುಗಳು ಒಂದೆರಡು ಅಡಿ ಆಳದಲ್ಲೇ ಸಿಗುತ್ತಿದ್ದವು; ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಹೆಂಗಸರೂ ಮಕ್ಕಳೂ ಸುತ್ತಿಗೆ, ಬುಟ್ಟಿ, ಜರಡಿ ಹಿಡಿದು ಕುಳಿತರು. ಒಣ ಬೇಸಾಯದಲ್ಲಿ ವರ್ಷವಿಡೀ ದುಡಿದರೂ ಕಾಣದ ಹಣ ಒಂದು ಎಕರೆಯನ್ನು ಅಗೆಯಲು ಕೊಟ್ಟರೆ ಕೈಗೆ ಬರುತ್ತಿದ್ದಾಗ ರೈತ ಒಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ಮೇಲ್ಮಣ್ಣು ಹೋದ ಆ ಹೊಲ ಮತ್ತೆ ಬೆಳೆ ಕೊಡುವುದಿಲ್ಲವೆಂಬುದು ಅರಿವಿಗೆ ಬಂದದ್ದು ಗುಂಡಿಗಳು ಉಳಿದ ಮೇಲೆ.

ಬಂದರಿಗೆ ಹೋಗುವ ರಸ್ತೆಯಲ್ಲಿ ಹಗಲು ರಾತ್ರಿ ಲಾರಿಗಳ ಸಾಲು. ಟಾರ್ಪಾಲು ಹೊದಿಸದೆ ಮಿತಿ ಮೀರಿ ತುಂಬಿದ ಲಾರಿಗಳಿಂದ ಉದುರಿದ ಪುಡಿ ರಸ್ತೆಬದಿಯ ಹುಣಸೆ ಮರಗಳ ಎಲೆ, ಮನೆಗಳ ಮಾಳಿಗೆ, ಒಣಹಾಕಿದ ಬಟ್ಟೆ, ಕುಡಿಯುವ ನೀರಿನ ತೊಟ್ಟಿ ಎಲ್ಲದರ ಮೇಲೂ ಕೆಂಪಾಗಿ ಕೂರುತ್ತಿತ್ತು. ಸಾಲ ಮಾಡಿ ಟಿಪ್ಪರ್ ಕೊಂಡ ಯುವಕರು ತಿಂಗಳ ಕಂತು ತೀರಿಸಲು ದಿನಕ್ಕೊಂದು ಟ್ರಿಪ್ ಹೆಚ್ಚು ಹೊಡೆಯಲೇಬೇಕಾಗಿತ್ತು. ಅದಿರು ಉದ್ಯಮ ಸೃಷ್ಟಿಸಿದ ಉದ್ಯೋಗವೆಂದರೆ ಬಹುಪಾಲು ಇದೇ: ಅಗೆಯುವುದು, ಒಡೆಯುವುದು, ಸಾಗಿಸುವುದು. ಹಣ ಬಂದದ್ದು ನಿಜ, ಹೋಟೆಲುಗಳು, ಗ್ಯಾರೇಜುಗಳು, ವೇಬ್ರಿಡ್ಜುಗಳು ಎದ್ದದ್ದೂ ನಿಜ. ಆದರೆ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ, ದೇಶಕ್ಕೆ ಅಷ್ಟೊಂದು ವಿದೇಶಿ ವಿನಿಮಯ ತಂದುಕೊಟ್ಟ ಬಳ್ಳಾರಿ ಜಿಲ್ಲೆಯ ಸಾಕ್ಷರತೆ ಶೇ 67.43ರಲ್ಲೇ ಇತ್ತು.

ಅಕ್ರಮದ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಲೋಕಾಯುಕ್ತ ವರದಿ ಬಿಡಿಸಿಟ್ಟಿದೆ. ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರಿಗೆ ತನಿಖೆಯನ್ನು ಒಪ್ಪಿಸಿದ್ದು 2007ರಲ್ಲಿ. ಮೊದಲ ವರದಿ 2008ರ ಡಿಸೆಂಬರಿನಲ್ಲಿ, ಎರಡನೆಯದು 2011ರ ಜುಲೈನಲ್ಲಿ ಸಲ್ಲಿಕೆಯಾಯಿತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಗಣಿ ಇಲಾಖೆ ಕೊಟ್ಟ ಪರ್ಮಿಟ್‌ಗಳನ್ನೂ ಬಂದರುಗಳಿಂದ ಹೊರಟ ಅದಿರಿನ ದಾಖಲೆಗಳನ್ನೂ ಎದುರುಬದುರು ಇಟ್ಟು ಲೆಕ್ಕ ಹಾಕಿತು. 2006ರಿಂದ 2010ರವರೆಗೆ ಪರ್ಮಿಟ್ ಇಲ್ಲದೆ ರಫ್ತಾದ ಅದಿರು 2 ಕೋಟಿ 98 ಲಕ್ಷ ಟನ್, ಅದರ ಮೌಲ್ಯ 12,228 ಕೋಟಿ ರೂಪಾಯಿ ಎಂದು ಕಂಡುಬಂತು. ಬೊಕ್ಕಸಕ್ಕಾದ ಒಟ್ಟು ನಷ್ಟವನ್ನು ವರದಿ 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಗುತ್ತಿಗೆ ಒಬ್ಬರ ಹೆಸರಿನಲ್ಲಿ, ಅಗೆಯುವವರು ‘ರೈಸಿಂಗ್ ಕಾಂಟ್ರಾಕ್ಟ್’ ಹಿಡಿದ ಇನ್ನೊಬ್ಬರು. ಸಾಗಣೆಗೆ ‘ಝೀರೋ ರಿಸ್ಕ್’ ಎಂಬ ಏರ್ಪಾಡು: ಟನ್ನಿಗೆ ಇಷ್ಟೆಂದು ಹಣ ಕಟ್ಟಿದರೆ ಗಣಿಯಿಂದ ಬಂದರಿನವರೆಗೆ ಯಾವ ಚೆಕ್‌ಪೋಸ್ಟಿನಲ್ಲೂ ಲಾರಿ ನಿಲ್ಲುತ್ತಿರಲಿಲ್ಲ. ಆ ‘ರಿಸ್ಕ್’ ಹಣ ಸರ್ಕಾರಕ್ಕೆ ಕಟ್ಟಬೇಕಾದ ರಾಜಧನದ ಹಲವು ಪಟ್ಟು ಇದ್ದರೂ ಅದನ್ನು ಕೊಡಲು ಯಾರೂ ಹಿಂಜರಿಯುತ್ತಿರಲಿಲ್ಲ, ಏಕೆಂದರೆ ಅಷ್ಟು ಕೊಟ್ಟ ಮೇಲೂ ಲಾಭ ಬಹಳವಾಗಿತ್ತು. ರಾಜ್ಯ ಕೇಳದೆ ಬಿಟ್ಟ ಪಾಲನ್ನು ಬೇರೆಯವರು ವಸೂಲಿ ಮಾಡಿಕೊಂಡರು ಎಂದರೆ ಹೆಚ್ಚೇನೂ ಆಗದು.

ಆ ಹಣ ರಾಜಕೀಯಕ್ಕೆ ಹರಿಯಿತು. ಗಣಿ ಧಣಿಗಳೆಂಬ ಮಾತು ಹುಟ್ಟಿದ್ದೂ, ಗಣಿ ಮಾಲೀಕರೇ ಸಂಪುಟ ಸೇರಿದ್ದೂ ಆಗಲೇ. 2010ರ ಮಾರ್ಚಿನಲ್ಲಿ ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿ ಇಟ್ಟಿದ್ದ ಲಕ್ಷಾಂತರ ಟನ್ ಅದಿರು ಕೆಲವೇ ವಾರಗಳಲ್ಲಿ ಕಣ್ಮರೆಯಾಗಿ ಹಡಗೇರಿತ್ತು. ಆ ಪ್ರಕರಣದಲ್ಲಿ ಶಾಸಕರೊಬ್ಬರೂ ಸೇರಿದಂತೆ ಹಲವರಿಗೆ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರಿನಲ್ಲಿ, ಅಂದರೆ ಹದಿನಾಲ್ಕು ವರ್ಷಗಳ ನಂತರ. ಹೈಕೋರ್ಟ್ ಮರುತಿಂಗಳೇ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. 2010ರ ಜುಲೈನಲ್ಲಿ, ಬೆಂಗಳೂರಿನಿಂದ ಬಳ್ಳಾರಿಗೆ ವಿರೋಧ ಪಕ್ಷದ ಪಾದಯಾತ್ರೆ ಹೊರಟ ದಿನಗಳಲ್ಲಿ, ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. ಮರುವರ್ಷ ಲೋಕಾಯುಕ್ತ ವರದಿ ಹೊರಬಿದ್ದ ಬೆನ್ನಿಗೇ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಗಣಿಗೆ ಸಂಬಂಧಿಸಿದ ಲಂಚದ ಪ್ರಕರಣದಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು.

ಗಣಿಗಾರಿಕೆಯನ್ನು ನಿಜವಾಗಿ ತಡೆದದ್ದು ಧಾರವಾಡದ ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನಾ ಸಮುದಾಯ ಸುಪ್ರೀಂ ಕೋರ್ಟಿಗೆ ಒಯ್ದ ಅರ್ಜಿ. 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟಿನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನಲ್ಲೂ ಗಣಿಗಾರಿಕೆ ನಿಂತಿತು. ತಪ್ಪು ಮಾಡಿದ್ದವರು ಬೇರೆ, ಮೊದಲು ಪೆಟ್ಟು ತಿಂದವರು ಬೇರೆ: ಕೂಲಿಕಾರರಿಗೆ ರಾತ್ರೋರಾತ್ರಿ ಕೆಲಸವಿಲ್ಲದಂತಾಯಿತು, ಕಂತು ಕಟ್ಟಲಾಗದ ಲಾರಿಗಳು ಹೊಸಪೇಟೆಯ ಹೊರವಲಯದಲ್ಲಿ ತುಕ್ಕು ಹಿಡಿದು ನಿಂತವು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ತೀವ್ರ ಉಲ್ಲಂಘನೆಯ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಲಾಯಿತು. ಉಳಿದವುಗಳಿಗೆ ವಾರ್ಷಿಕ ಮಿತಿ ಬಂತು. ಬಳ್ಳಾರಿಗೆ ಎರಡೂವರೆ ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 50 ಲಕ್ಷ ಟನ್. ಅದಿರನ್ನು ಇ-ಹರಾಜಿನಲ್ಲೇ ಮಾರಬೇಕೆಂಬ ಷರತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಏಕೆಂದರೆ ಪ್ರತಿ ಟನ್ನಿನ ಬೆಲೆ ಎಲ್ಲರಿಗೂ ಕಾಣುವಂತಾದದ್ದು ಆಗಲೇ. ಮಿತಿಯನ್ನು 2017ರಲ್ಲೂ 2022ರಲ್ಲೂ ಏರಿಸಲಾಯಿತು. 2022ರ ಮೇ ತಿಂಗಳಲ್ಲಿ ಹರಾಜಿನ ಹೊರಗಿನ ಮಾರಾಟಕ್ಕೂ ರಫ್ತಿಗೂ ಕೋರ್ಟು ಅವಕಾಶ ಕೊಟ್ಟಿತು.

ರಾಜ್ಯ ಕಲಿತ ಪಾಠದ ಅಳತೆ ದೋಣಿಮಲೈಯಲ್ಲಿ ಕಾಣುತ್ತದೆ. 2018ರಲ್ಲಿ ಅಲ್ಲಿನ ಗಣಿಯ ಗುತ್ತಿಗೆ ನವೀಕರಣಕ್ಕೆ ರಾಜ್ಯ ಸರ್ಕಾರ ಅದಿರಿನ ಮೌಲ್ಯದ ಶೇ 80ರಷ್ಟು ಪ್ರೀಮಿಯಂ ಕೇಳಿತು. ಕೇಂದ್ರದ ನಿಗಮ ಒಪ್ಪದೆ ಆ ನವೆಂಬರಿನಲ್ಲಿ ಗಣಿ ಮುಚ್ಚಿತು. ಹೆಚ್ಚುವರಿ ಪಾಲು ಶೇ 22.5 ಎಂದು ಇತ್ಯರ್ಥವಾಗಿ ಮತ್ತೆ ತೆರೆದದ್ದು 2021ರ ಫೆಬ್ರುವರಿಯಲ್ಲಿ. ಹತ್ತು ವರ್ಷಗಳ ಹಿಂದೆ ಖಾಸಗಿಯವರಿಂದ ಟನ್ನಿಗೆ 27 ರೂಪಾಯಿ ಪಡೆದು ಸುಮ್ಮನಿದ್ದ ವ್ಯವಸ್ಥೆ ಸಾರ್ವಜನಿಕ ನಿಗಮದಿಂದ ಶೇ 80 ಕೇಳಿದ್ದು ಸರಿಯೋ ತಪ್ಪೋ, ಅದಿರಿನಲ್ಲಿ ರಾಜ್ಯದ ಪಾಲು ಎಷ್ಟಿರಬಹುದಿತ್ತು ಎಂಬುದರ ಕಲ್ಪನೆಯಂತೂ ಆಗ ಬಂತು.

ಇನ್ನೊಂದು ಲೆಕ್ಕ ಬಾಕಿಯಿದೆ. ಜಪ್ತಿಯಾದ ಅದಿರಿನ ಹರಾಜಿನಿಂದಲೂ ಗಣಿಗಳ ಮಾರಾಟದ ಮೊತ್ತದಲ್ಲಿ ಹಿಡಿದಿಟ್ಟ ಪಾಲಿನಿಂದಲೂ ಸಂಗ್ರಹವಾದ ಹಣವನ್ನು ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೇ ಬಳಸಬೇಕೆಂದು ಕೋರ್ಟು ಹೇಳಿತ್ತು. ಅದಕ್ಕಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು, ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲುಸ್ತುವಾರಿಗೆ ನೇಮಿಸಿದ 2022ರಲ್ಲಿ. ನಡುವಿನ ಎಂಟು ವರ್ಷ ಹಣ ಬಹುತೇಕ ಬ್ಯಾಂಕಿನಲ್ಲಿ ಬಡ್ಡಿ ದುಡಿಯುತ್ತಿದ್ದರೆ, ದೂಳು ಕುಡಿದ ಹಳ್ಳಿಗಳಲ್ಲಿ ಒಂದು ತಲೆಮಾರಿನ ಮಕ್ಕಳು ಪ್ರಾಥಮಿಕ ಶಾಲೆ ಮುಗಿಸಿ ಹೊರಬಂದಿದ್ದರು.

ಈ ನಡುವೆ ಸಂಡೂರಿನಲ್ಲಿ ಹೊಸ ಗುಡ್ಡವೊಂದರ ಹೆಸರು ಕೇಳಿಬರುತ್ತಿದೆ. ಪಶ್ಚಿಮಘಟ್ಟದ ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ಮುಚ್ಚಿದ ಸರ್ಕಾರಿ ಕಂಪನಿ, ಮಂಗಳೂರಿನ ತನ್ನ ಉಂಡೆ ಘಟಕಕ್ಕೆ ಅಂದಿನಿಂದ ಹೊರಗಿನ ಅದಿರನ್ನೇ ನಂಬಿಕೊಂಡಿದ್ದು, ದೇವದಾರಿ ಗುಡ್ಡದಲ್ಲಿ ಗಣಿಗಾರಿಕೆಗೆ ಗುತ್ತಿಗೆ ಪಡೆದಿದೆ. ಬೇಕಾಗಿರುವುದು ಸುಮಾರು 400 ಹೆಕ್ಟೇರ್ ಅರಣ್ಯ. ಕಡಿಯಬೇಕಾದ ಮರಗಳು ಸುಮಾರು 99 ಸಾವಿರ. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವರು ಯೋಜನೆಗೆ ಸಂಬಂಧಿಸಿದ ಕಡತಕ್ಕೆ ಸಹಿ ಹಾಕಿದರೆ, ಅರಣ್ಯ ಭೂಮಿಯನ್ನು ಹಸ್ತಾಂತರಿಸದಂತೆ ರಾಜ್ಯದ ಅರಣ್ಯ ಸಚಿವರು ಅದೇ ತಿಂಗಳು ಸೂಚನೆ ಕೊಟ್ಟರು. ಕಂಪನಿಯ ನೌಕರರು ಕೆಲಸದ ಭರವಸೆ ಕೇಳುತ್ತಿದ್ದಾರೆ, ಸಂಡೂರಿನ ಜನ ಗುಡ್ಡ ಉಳಿಸಿಕೊಡಿ ಎನ್ನುತ್ತಿದ್ದಾರೆ.